ಮಿಕ್ಕ ಬಿರಿಯಾನಿ ಹಂಚುವ ಮುನ್ನ

ವಲೀಮಾ ಮುಗಿದಿದೆ. ಅತಿಥಿಗಳು ಹೊರಟು ಹೋಗಿದ್ದಾರೆ. ಹಾಲ್‌ನ ಹಿಂಬದಿಯ ಅಡುಗೆಕೋಣೆಯಲ್ಲಿ ಒಂದು ಹಂಡೆ ಬಿರಿಯಾನಿ, ಅರ್ಧ ಹಂಡೆ ಮಾಂಸದ ಸಾರು ಮಿಕ್ಕಿದೆ. "ಅಲ್ಲಾಹನು ಕೊಟ್ಟ ಅನ್ನ, ಚೆಲ್ಲುವುದು ಬೇಡ. ಬೆಳಿಗ್ಗೆ ಬಡವರ ಮನೆಗಳಿಗೆ ಹಂಚಿಬಿಡೋಣ" ಎನ್ನುತ್ತಾರೆ ಮನೆಯ ಹಿರಿಯರು. ಹಂಡೆಗೆ ಮುಚ್ಚಳ ಹಾಕಿ, ಬೆಕ್ಕು ಸರಿಸದಂತೆ ಮೇಲೊಂದು ಕಲ್ಲಿಟ್ಟು ಎಲ್ಲರೂ ಮಲಗಲು ಹೋಗುತ್ತಾರೆ.

ಈ ದೃಶ್ಯ ನಿಮಗೆ ಹೊಸತಲ್ಲ. ಇಲ್ಲಿ ಯಾರ ಉದ್ದೇಶವೂ ಕೆಟ್ಟದ್ದಲ್ಲ. ಆಹಾರ ಪೋಲು ಮಾಡುವುದು ಇಸ್ರಾಫ್ ಎಂಬ ಭಯವಿದೆ, ಇತರರಿಗೆ ಉಣಿಸಬೇಕೆಂಬ ಆಸೆಯಿದೆ. ಆದರೆ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಎಂಟರವರೆಗೆ ಆ ಹಂಡೆಯೊಳಗೆ ಏನು ನಡೆಯುತ್ತದೆಂದು ನಮಗೆ ತಿಳಿದಿದ್ದರೆ, ಅದನ್ನು ಹಾಗೆ ಮುಚ್ಚಿಟ್ಟು ಮಲಗುತ್ತಿರಲಿಲ್ಲ.

ಬೆಂದರೂ ಸಾಯದ ಬೀಜಕ

"ಅಷ್ಟು ಹೊತ್ತು ಬೆಂದ ಮೇಲೆ ಕ್ರಿಮಿ ಎಲ್ಲಿ ಉಳಿಯುತ್ತದೆ?" ಎಂದು ನೀವು ಕೇಳಬಹುದು. ಹೆಚ್ಚಿನ ಬ್ಯಾಕ್ಟೀರಿಯಾಗಳು ಬೇಯುವಾಗ ಸಾಯುತ್ತವೆ ನಿಜ. ಆದರೆ ಮಣ್ಣಿನಲ್ಲಿ ವಾಸಿಸುವ ಕೆಲವು ಬ್ಯಾಕ್ಟೀರಿಯಾಗಳಿಗೆ ಒಂದು ಉಪಾಯ ಗೊತ್ತಿದೆ. ಕಷ್ಟಕಾಲ ಬಂದಾಗ ಅವು ಗಟ್ಟಿ ಕವಚದ ಬೀಜಕಗಳಾಗಿ ಮಾರ್ಪಡುತ್ತವೆ. ಬೀಜಕ ಉಣ್ಣುವುದಿಲ್ಲ, ಬೆಳೆಯುವುದಿಲ್ಲ, ಸುಮ್ಮನೆ ನಿದ್ರಿಸುತ್ತದೆ. ಕುದಿಯುವ ನೀರನ್ನೂ ಅದು ತಾಳಿಕೊಳ್ಳಬಲ್ಲದು.

ಅಕ್ಕಿಯೊಂದಿಗೆ ಬರುವ ಇಂಥ ಬ್ಯಾಕ್ಟೀರಿಯಾದ ಹೆಸರು ಬ್ಯಾಸಿಲಸ್ ಸೀರಿಯಸ್. ಮಾಂಸ ಮತ್ತು ಮಸಾಲೆಯೊಂದಿಗೆ ಬರುವುದು ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್. ಬಿರಿಯಾನಿಯಲ್ಲಿ ಎರಡಕ್ಕೂ ಜಾಗವಿದೆ. ಅಡುಗೆಯ ಬಿಸಿ ಇವುಗಳ ಪ್ರತಿಸ್ಪರ್ಧಿಗಳನ್ನೆಲ್ಲ ಕೊಂದುಹಾಕಿರುತ್ತದೆ. ಅಷ್ಟೇ ಅಲ್ಲ, ಅದೇ ಬಿಸಿ ಬೀಜಕಗಳನ್ನು ನಿದ್ದೆಯಿಂದ ಎಬ್ಬಿಸುವ ಕೆಲಸವನ್ನೂ ಮಾಡುತ್ತದೆ. ಹಂಡೆ ತಣಿಯತೊಡಗಿದಾಗ ಅವು ಕಣ್ಣು ಬಿಡುತ್ತವೆ. ಎದುರಿಗೆ ಔತಣ ಸಿದ್ಧವಾಗಿದೆ, ಪಾಲು ಕೇಳುವವರು ಯಾರೂ ಇಲ್ಲ.

ಬಾಯಿಲ್ಲದ ಜೀವಿಯ ಊಟ

ಬ್ಯಾಕ್ಟೀರಿಯಾಗಳಿಗೆ ಬಾಯಿಯಿಲ್ಲ, ಹೊಟ್ಟೆಯಿಲ್ಲ. ನಾವು ಉಂಡ ಮೇಲೆ ಜೀರ್ಣಿಸಿಕೊಳ್ಳುತ್ತೇವೆ, ಅವು ಜೀರ್ಣಿಸಿಕೊಂಡು ಆಮೇಲೆ ಉಣ್ಣುತ್ತವೆ. ತಮ್ಮ ಸುತ್ತ ಕಿಣ್ವಗಳನ್ನು ಸ್ರವಿಸಿ ಅನ್ನದ ಪಿಷ್ಟವನ್ನು ಸಕ್ಕರೆಯಾಗಿ, ಮಾಂಸದ ಪ್ರೋಟೀನನ್ನು ಅಮೈನೋ ಆಮ್ಲಗಳಾಗಿ ಒಡೆಯುತ್ತವೆ. ಹಾಗೆ ನೀರಿನಲ್ಲಿ ಕರಗಿದ್ದನ್ನು ತಮ್ಮ ಪೊರೆಯ ಮೂಲಕ ಹೀರಿಕೊಳ್ಳುತ್ತವೆ. ಹಳಸಿದ ಅನ್ನ ಕೈಗೆ ಅಂಟಂಟಾಗುವುದು ಇದರಿಂದಲೇ.

ಪರ್ಫ್ರಿಂಜೆನ್ಸ್‌ಗೆ ತನಗೆ ಬೇಕಾದ ಅನೇಕ ಅಮೈನೋ ಆಮ್ಲಗಳನ್ನು ತಾನೇ ತಯಾರಿಸಿಕೊಳ್ಳಲು ಬರುವುದಿಲ್ಲ. ಎಲ್ಲವೂ ಸಿದ್ಧವಾಗಿಯೇ ಸಿಗಬೇಕು. ಹಾಗಾಗಿ ಬೆಂದ ಮಾಂಸ, ದಪ್ಪ ಸಾರು ಅದಕ್ಕೆ ಹೇಳಿ ಮಾಡಿಸಿದ ಜಾಗ.

ಊಟ ಕರಗಲು ನೀರು ಬೇಕು. ನೀರಿಲ್ಲದಲ್ಲಿ ಬ್ಯಾಕ್ಟೀರಿಯಾ ಬೆಳೆಯಲಾರದು. ಚೆನ್ನಾಗಿ ಒಣಗಿದ ಖರ್ಜೂರ ತಿಂಗಳುಗಟ್ಟಲೆ ಕೆಡದಿರುವುದು, ಉಪ್ಪು ಹಾಕಿ ಒಣಗಿಸಿದ ಮೀನು ಮಳೆಗಾಲಕ್ಕೂ ಉಳಿಯುವುದು ಇದೇ ಕಾರಣಕ್ಕೆ. ಜೇನು ಕೆಡದಿರುವುದಕ್ಕೂ ಮುಖ್ಯ ಕಾರಣ ಅದರಲ್ಲಿ ನೀರು ಕಡಿಮೆ ಇರುವುದೇ. ಆದರೆ ಜೇನಿನಲ್ಲಿ ಬೀಜಕಗಳು ನಿದ್ರಿಸುತ್ತಿರಬಹುದು. ದೊಡ್ಡವರ ಕರುಳಿನಲ್ಲಿ ಅವಕ್ಕೆ ತಲೆ ಎತ್ತಲು ಅವಕಾಶವಿಲ್ಲ. ಹಸುಗೂಸಿನ ಕರುಳಿನಲ್ಲಿ ಅವು ಎಚ್ಚರಗೊಂಡು ಬಾಟ್ಯುಲಿಸಮ್ ಎಂಬ ಪ್ರಾಣಾಪಾಯದ ಕಾಯಿಲೆ ತರಬಲ್ಲವು. ಆದ್ದರಿಂದ ಒಂದು ವರ್ಷ ತುಂಬದ ಮಗುವಿನ ನಾಲಿಗೆಗೆ ಜೇನು ಸವರಬೇಡಿ, ಅಜ್ಜಿ ಎಷ್ಟೇ ಪ್ರೀತಿಯಿಂದ ಹೇಳಿದರೂ.

ಒಂದು ಇಪ್ಪತ್ತು ಲಕ್ಷವಾಗುವ ಲೆಕ್ಕ

ಬ್ಯಾಕ್ಟೀರಿಯಾದ ಬೆಳವಣಿಗೆಯೆಂದರೆ ಗಾತ್ರ ಹೆಚ್ಚುವುದಲ್ಲ, ಸಂಖ್ಯೆ ಹೆಚ್ಚುವುದು. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಹೊಸ ಜಾಗಕ್ಕೆ ಬಂದಾಗ ಮೊದಲು ಸ್ವಲ್ಪ ಹೊತ್ತು ಏನೂ ನಡೆಯುವುದಿಲ್ಲ. ಸಿಕ್ಕ ಆಹಾರಕ್ಕೆ ತಕ್ಕ ಕಿಣ್ವಗಳನ್ನು ಅವು ಆಗ ಸಿದ್ಧಪಡಿಸಿಕೊಳ್ಳುತ್ತವೆ. ಆಮೇಲೆ ಓಟ ಶುರು. 20 ನಿಮಿಷಕ್ಕೊಮ್ಮೆ ಇಮ್ಮಡಿಯಾದರೂ ಒಂದು ಬ್ಯಾಕ್ಟೀರಿಯಾ 7 ಗಂಟೆಗಳಲ್ಲಿ 20 ಲಕ್ಷ ದಾಟುತ್ತದೆ. ಪರ್ಫ್ರಿಂಜೆನ್ಸ್‌ಗೆ 43ರಿಂದ 45 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಮಾರು 10 ನಿಮಿಷ ಸಾಕು. ಹಂಡೆಯ ನಡುಭಾಗ ಗಂಟೆಗಟ್ಟಲೆ ಉಳಿಯುವುದು ಇಂಥ ಬೆಚ್ಚಗಿನಲ್ಲೇ. ಅಂಚು ಆರಿದೆಯೆಂದು ಕೈಗೆ ಅನಿಸುವಾಗಲೂ ಒಳಗೆ ಬೆಚ್ಚಗೇ ಇರುತ್ತದೆ.

ಮೊದಲಿನ ಆ ಸ್ವಲ್ಪ ಹೊತ್ತು ಮಾತ್ರ ನಮ್ಮ ಕೈಯಲ್ಲಿದೆ. ಅಷ್ಟರೊಳಗೆ ಆಹಾರವನ್ನು ತಣ್ಣಗಾಗಿಸಿದರೆ ಗೆಲುವು ನಮ್ಮದು.

ಗಾಳಿಯಿಲ್ಲದೆಯೂ ಬದುಕು

ಜೀವಿಗಳಿಗೆಲ್ಲ ಗಾಳಿ ಬೇಕೇಬೇಕೆಂದು ನಂಬಿದ್ದ ಕಾಲದಲ್ಲಿ, 1861ರಲ್ಲಿ, ಫ್ರಾನ್ಸಿನ ಲೂಯಿ ಪಾಶ್ಚರ್ ಆಮ್ಲಜನಕವಿಲ್ಲದೆಯೇ ಬದುಕುವ ಸೂಕ್ಷ್ಮಜೀವಿಗಳಿವೆ ಎಂದು ತೋರಿಸಿಕೊಟ್ಟರು. ಪರ್ಫ್ರಿಂಜೆನ್ಸ್ ಅದೇ ಗುಂಪಿನದು. ಕುದಿಯುವಾಗ ಸಾರಿನಲ್ಲಿ ಕರಗಿದ್ದ ಆಮ್ಲಜನಕ ಹೊರಟುಹೋಗುತ್ತದೆ. ತಳದ ಮಾಂಸಕ್ಕೆ ಮತ್ತೆ ಗಾಳಿ ಸುಲಭವಾಗಿ ತಲುಪದು. ನಮಗೆ ಉಸಿರುಗಟ್ಟುವ ಜಾಗ ಅದಕ್ಕೆ ತವರುಮನೆ.

ಆಮ್ಲಜನಕ ಬಳಸಿ ಗ್ಲೂಕೋಸಿನ ಒಂದು ಅಣುವನ್ನು ಪೂರ್ತಿ ಉರಿಸಿದರೆ ಜೀವಕೋಶಕ್ಕೆ ಸುಮಾರು 30 ಎಟಿಪಿ ಸಿಗುತ್ತದೆ. ಎಟಿಪಿ ಎಂದರೆ ಜೀವಕೋಶದೊಳಗೆ ಚಲಾವಣೆಯಾಗುವ ಶಕ್ತಿಯ ನಾಣ್ಯ. ಆಮ್ಲಜನಕವಿಲ್ಲದ ಹುದುಗುವಿಕೆಯಲ್ಲಿ ಸಾಮಾನ್ಯವಾಗಿ ಎರಡೋ ಮೂರೋ ಮಾತ್ರ ಸಿಗುತ್ತದೆ. ಗಳಿಕೆ ಕಡಿಮೆಯಾದ್ದರಿಂದ ಅವು ಹೆಚ್ಚು ಹೆಚ್ಚು ಸಕ್ಕರೆಯನ್ನು ಕಬಳಿಸಬೇಕು. ಉಳಿದ ಕಸವನ್ನು ಆಮ್ಲವಾಗಿ, ಅನಿಲವಾಗಿ ಹೊರಹಾಕುತ್ತವೆ. ಹಳಸಿದ ಸಾರಿನಲ್ಲಿ ಗುಳ್ಳೆ ಏಳುವುದು, ಹುಳಿ ವಾಸನೆ ಬರುವುದು ಇದರಿಂದ.

ಈ ಕಸವೇ ಕೆಲವೊಮ್ಮೆ ನಮಗೆ ವರ. ಹಾಲಿನ ಸಕ್ಕರೆಯನ್ನು ಹುದುಗಿಸುವ ಬ್ಯಾಕ್ಟೀರಿಯಾ ಹೊರಹಾಕುವ ಲ್ಯಾಕ್ಟಿಕ್ ಆಮ್ಲವೇ ಹಾಲನ್ನು ಮೊಸರಾಗಿಸುತ್ತದೆ, ಆ ಹುಳಿಯೇ ಅನೇಕ ಕೆಟ್ಟ ಬ್ಯಾಕ್ಟೀರಿಯಾಗಳನ್ನು ದೂರವಿಡುತ್ತದೆ. ಆದರೆ ಬಿರಿಯಾನಿಯ ಹಂಡೆಗೆ ಯಾರೂ ಹೆಪ್ಪು ಹಾಕಿಲ್ಲ. ಅಲ್ಲಿ ಯಾವುದು ಬೆಳೆಯುತ್ತದೆಂಬುದು ನಮ್ಮ ಹಿಡಿತದಲ್ಲಿಲ್ಲ.

ಮತ್ತೆ ಕುದಿಸಿದರೆ ಸಾಲದೇ?

ಸಾಲದು. ಬ್ಯಾಸಿಲಸ್ ಸೀರಿಯಸ್ ಅನ್ನದಲ್ಲಿ ಬೆಳೆಯುವಾಗಲೇ ವಾಂತಿ ತರಿಸುವ ವಿಷವನ್ನು ಬಿಡಬಲ್ಲದು. ಬ್ಯಾಕ್ಟೀರಿಯಾ ಸತ್ತರೂ ಆ ವಿಷ ಕುದಿತಕ್ಕೆ ನಾಶವಾಗುವುದಿಲ್ಲ. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಫ್ರೈಡ್ ರೈಸ್ ತಿಂದವರು ಅಸ್ವಸ್ಥರಾದ ಅನೇಕ ಪ್ರಕರಣಗಳ ಮೂಲ ಇದೇ ಎಂದು ತಿಳಿದುಬಂತು. ಬೇಯಿಸಿದ ಅನ್ನವನ್ನು ಗಂಟೆಗಟ್ಟಲೆ ಹೊರಗಿಟ್ಟು ಆಮೇಲೆ ಹುರಿಯುತ್ತಿದ್ದುದೇ ತಪ್ಪಾಗಿತ್ತು. ಬಡಿಸುವವರ ಕೈಯಿಂದ, ಮೂಗಿನಿಂದ ಬರುವ ಸ್ಟ್ಯಾಫಿಲೊಕಾಕಸ್‌ನ ವಿಷವೂ ಹೀಗೆಯೇ ಬಿಸಿಗೆ ಜಗ್ಗದು.

ಪರ್ಫ್ರಿಂಜೆನ್ಸ್‌ನ ರೀತಿ ಬೇರೆ. ಅದು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಜೀವಂತವಾಗಿ ಹೊಟ್ಟೆ ಸೇರಿ, ಕರುಳಿನಲ್ಲಿ ವಿಷ ಬಿಡುತ್ತದೆ. ಆವಿ ಏಳುವಂತೆ ಬಿಸಿ ಮಾಡಿದರೆ ಅದು ಸಾಯುತ್ತದೆ. ಆದರೆ ದೊಡ್ಡ ಹಂಡೆಯ ತಳ ಸೀದರೂ ನಡುಭಾಗ ಉಗುರು ಬೆಚ್ಚಗೇ ಉಳಿಯುವುದುಂಟು.

ಮೂಗನ್ನು ನಂಬಬೇಡಿ. ವಿಷವಿರುವ ಅನ್ನಕ್ಕೆ ಕೆಟ್ಟ ವಾಸನೆ ಇರಲೇಬೇಕೆಂದಿಲ್ಲ.

ಹಾಗಾದರೆ ಏನು ಮಾಡಬೇಕು?

• 5ರಿಂದ 60 ಡಿಗ್ರಿಯ ನಡುವಿನ ಉಷ್ಣತೆ ಅಪಾಯದ ವಲಯ. ಬೆಂದ ಆಹಾರ ಇದರಲ್ಲಿ 2 ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು. ಬೇಸಿಗೆಯ ಉರಿಯಲ್ಲಿ ಒಂದೇ ಗಂಟೆ.

• ಮಿಕ್ಕಿದ್ದನ್ನು ಹಂಡೆಯಲ್ಲೇ ಬಿಡಬೇಡಿ. ಅಗಲವಾದ ತಟ್ಟೆಗಳಲ್ಲಿ ತೆಳುವಾಗಿ ಹರಡಿ. ತೆಳು ಬಟ್ಟೆ ಮುಚ್ಚಿ, ಫ್ಯಾನಿನ ಕೆಳಗೆ ಆರಿಸಿ. ಆಮೇಲೆ ಚಿಕ್ಕ ಡಬ್ಬಿಗಳಿಗೆ ತುಂಬಿ ಫ್ರಿಜ್ಜಿನಲ್ಲಿಡಿ.

• ರಾತ್ರಿ ಪಾತ್ರೆಗಳನ್ನು ಮುಚ್ಚಿಡಲು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮುಚ್ಚಳ ಹೊರಗಿನ ಕೀಟ, ಧೂಳನ್ನು ತಡೆಯುತ್ತದೆ. ಒಳಗೆ ಎಚ್ಚರಗೊಂಡದ್ದನ್ನು ತಡೆಯುವುದು ತಂಪು. ಎರಡೂ ಬೇಕು.

• ಮತ್ತೆ ಬಿಸಿ ಮಾಡುವಾಗ ಸ್ವಲ್ಪ ಸ್ವಲ್ಪವೇ ತೆಗೆದು, ಮಗುಚಿ, ನಡುವಿನಿಂದಲೂ ಆವಿ ಏಳುವವರೆಗೆ ಬಿಸಿ ಮಾಡಿ. ಒಮ್ಮೆ ಮಾತ್ರ.

• ಇಡೀ ರಾತ್ರಿ ಹೊರಗಿದ್ದ ಬಿರಿಯಾನಿಯನ್ನು ಯಾರಿಗೂ ಕೊಡಬೇಡಿ.

• ಕುರ್ಬಾನಿಯ ಮಾಂಸವನ್ನು ದೊಡ್ಡ ಗಂಟಾಗಿ ಫ್ರೀಜರಿಗೆ ತುರುಕಬೇಡಿ. ಒಂದು ಹೊತ್ತಿಗೆ ಬೇಕಾಗುವಷ್ಟನ್ನು ಚಪ್ಪಟೆ ಪೊಟ್ಟಣ ಮಾಡಿ.

ಇಂಥ ಆಹಾರ ತಿಂದು ವಾಂತಿಭೇದಿಯಾದರೆ ಮೊದಲು ನೀರಿನಂಶ ಕಾಪಾಡಿ. ಓಆರ್‌ಎಸ್ ಇಲ್ಲದಿದ್ದರೆ, ಒಂದು ಲೀಟರ್ ಶುದ್ಧ ನೀರಿಗೆ 6 ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸಿ. ಮಲದಲ್ಲಿ ರಕ್ತ, ತೀವ್ರ ಜ್ವರ, ಮೂತ್ರ ನಿಂತುಹೋಗುವುದು, ಮಗುವಿನ ಕಣ್ಣು ಗುಳಿ ಬೀಳುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಬಡವರ ಪಾಲು ಮೊದಲು ಹೊರಡಲಿ

ನಮ್ಮ ಹಂಚಿಕೆಯ ಕ್ರಮವನ್ನು ಒಮ್ಮೆ ನೋಡಿಕೊಳ್ಳಿ. ಮದುವೆಯಲ್ಲಿ ಅತಿಥಿಗಳು ಬಿಸಿಬಿಸಿ ಉಣ್ಣುತ್ತಾರೆ. ಮನೆಯವರ ಪಾಲು ಫ್ರಿಜ್ಜು ಸೇರುತ್ತದೆ. ಎಲ್ಲ ಮುಗಿದ ಮೇಲೆ ಉಳಿದದ್ದು, ಹೆಚ್ಚು ಹೊತ್ತು ಹೊರಗಿದ್ದದ್ದು, ಫ್ರಿಜ್ಜೇ ಇಲ್ಲದ ಮನೆಗೆ ಹೋಗುತ್ತದೆ. ಬಕ್ರೀದಿನಂದೂ ಬಿಸಿಲಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಕಾಯುವುದು ಹೆಚ್ಚಾಗಿ ಬಡವರ ಪಾಲೇ. ಅಲ್ಲಿ ಒಂದು ಮಗು ಕಾಯಿಲೆ ಬಿದ್ದರೆ ತಾಯಿಯ ಒಂದು ದಿನದ ಕೂಲಿಯೂ ಹೋಯಿತು.

ಆದ್ದರಿಂದ ಕ್ರಮವನ್ನು ತಿರುಗಿಸಿ. ಕೊನೆಯ ಪಂಕ್ತಿ ಕೂರುವ ಮೊದಲೇ, ಹಂಡೆ ಬಿಸಿಯಾಗಿರುವಾಗಲೇ, ಕೊಡಬೇಕಾದ ಮನೆಗಳ ಪಾಲನ್ನು ಬೇರೆ ತೆಗೆದು ಆ ರಾತ್ರಿಯೇ ಕಳುಹಿಸಿಬಿಡಿ. ಹುಡುಗರಿಬ್ಬರು ಬೈಕಿನಲ್ಲಿ ಹೋಗಿ ಬಂದರೆ ಕೆಲಸ ಮುಗಿಯಿತು. ಅನ್ನವೂ ಪೋಲಾಗುವುದಿಲ್ಲ, ಯಾರ ಹೊಟ್ಟೆಯೂ ಕೆಡುವುದಿಲ್ಲ. ನಾವು ಉಂಡಂಥದ್ದೇ ಬಿಸಿ ಅನ್ನ ಅವರ ತಟ್ಟೆಗೂ ತಲುಪಲಿ.