ಆರು ಸಿಲಿಂಡರಿನ ಮೋಟಾರು ಸೈಕಲು: ಅದರ ಸುಖ, ಅದರ ಭಾರ

ಮೋಟಾರು ಸೈಕಲು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಒಂದೇ ಸಿಲಿಂಡರಿನ ವಾಹನ. ಪೇಟೆಗೆ ಹೋಗಿ ಸಾಮಾನು ತರಲು, ತೋಟಕ್ಕೆ ಗೊಬ್ಬರದ ಚೀಲ ಸಾಗಿಸಲು, ಮಕ್ಕಳನ್ನು ಶಾಲೆಗೆ ಬಿಡಲು ಅದು ಧಾರಾಳವಾಗಿ ಸಾಕು. ಹೆಚ್ಚೆಂದರೆ ಬುಲೆಟ್ ಎಂಬ ಹೆಸರು ಕೇಳಿದಾಗ ನಮ್ಮ ಹಿರಿಯರ ಮುಖ ಅರಳುತ್ತದೆ. ಆದರೆ ಅಂಥ ಎರಡು ಬುಲೆಟ್‌ಗಳನ್ನು ಒಟ್ಟಿಗೆ ತೂಗಿದಷ್ಟು ಭಾರದ, ಒಂದಲ್ಲ ಆರು ಸಿಲಿಂಡರುಗಳುಳ್ಳ, ಹಿಂದಕ್ಕೂ ಚಲಿಸಬಲ್ಲ ಮೋಟಾರು ಸೈಕಲು ಲೋಕದಲ್ಲಿ ಇದೆ ಎಂದರೆ ಓದುಗರಲ್ಲಿ ಕೆಲವರಿಗಾದರೂ ಅಚ್ಚರಿಯಾದೀತು. ಜಪಾನಿನ ಹೋಂಡಾ ಕಂಪೆನಿಯ 'ಗೋಲ್ಡ್ ವಿಂಗ್' ಎಂಬುದೇ ಆ ವಾಹನ. ಮಾರುಕಟ್ಟೆಗೆ ಬಂದು ಅರ್ಧ ಶತಮಾನ ಕಳೆದರೂ ಇಂದಿಗೂ ತಯಾರಾಗುತ್ತಿದೆ.

ಇಷ್ಟು ದೊಡ್ಡ ವಾಹನ ಯಾರಿಗಾಗಿ? ಇದನ್ನು ಕೊಂಡವರಿಗೆ ಸಿಗುವುದೇನು, ಅವರು ತೆರಬೇಕಾದುದೇನು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ಯಂತ್ರದ ಕತೆಗಿಂತ ಹೆಚ್ಚಾಗಿ ಮನುಷ್ಯರ ಕತೆಯೇ ಎದುರಾಗುತ್ತದೆ.

ಹುಟ್ಟಿದ್ದು ಜಪಾನಿನಲ್ಲಿ, ಬೆಳೆದದ್ದು ಅಮೆರಿಕದಲ್ಲಿ

1972ರಲ್ಲಿ ಹೋಂಡಾ ಕಂಪೆನಿಯ ಇಂಜಿನಿಯರರು 'ಎಂ 1' ಎಂಬ ಗುಪ್ತನಾಮದಲ್ಲಿ ಒಂದು ಪ್ರಯೋಗದ ಬಂಡಿಯನ್ನು ಸಿದ್ಧಪಡಿಸಿದರು. ಅದರ ಮುಂದಾಳು ಶೊಯಿಚಿರೊ ಇರಿಮಾಜಿರಿ. 1960ರ ದಶಕದಲ್ಲಿ ಹೋಂಡಾದ ಆರು ಸಿಲಿಂಡರಿನ ಪಂದ್ಯದ ಬಂಡಿಗಳನ್ನು ರೂಪಿಸಿದವರು ಇವರೇ. ಪ್ರಯೋಗದ ಬಂಡಿಗೂ ಆರು ಸಿಲಿಂಡರುಗಳಿದ್ದವು. ಸಾಮರ್ಥ್ಯ 1470 ಸಿ.ಸಿ. ಆದರೆ ಅದು ಮಾರಾಟಕ್ಕೆ ಬರಲಿಲ್ಲ. 1974ರಲ್ಲಿ ಜರ್ಮನಿಯ ಕೊಲೋನ್ ನಗರದ ಪ್ರದರ್ಶನದಲ್ಲಿ ಕಂಪೆನಿ ಜನರ ಮುಂದಿಟ್ಟದ್ದು ನಾಲ್ಕು ಸಿಲಿಂಡರಿನ, 999 ಸಿ.ಸಿ.ಯ ಗೋಲ್ಡ್ ವಿಂಗನ್ನು. ಇಂಜಿನನ್ನು ತಣಿಸಲು ನೀರು, ಹಿಂದಿನ ಚಕ್ರವನ್ನು ತಿರುಗಿಸಲು ಸರಪಳಿಯ ಬದಲು ಉಕ್ಕಿನ ದಂಡ, ಪೆಟ್ರೋಲ್ ಟಾಂಕಿ ಸೀಟಿನ ಅಡಿಯಲ್ಲಿ. ಇವೆಲ್ಲ ಒಂದೇ ಬಂಡಿಯಲ್ಲಿ ಸೇರಿದ್ದು ಆ ಕಾಲಕ್ಕೆ ಅಪರೂಪವೇ.

ಮೊದಲ ಬಂಡಿಗೆ ಗಾಳಿ ತಡೆಯುವ ಗಾಜಾಗಲಿ, ಸಾಮಾನಿನ ಪೆಟ್ಟಿಗೆಯಾಗಲಿ ಇರಲಿಲ್ಲ. ಆದರೆ ಅಮೆರಿಕದ ಹೆದ್ದಾರಿಗಳಲ್ಲಿ ದಿನಕ್ಕೆ ಐದಾರು ನೂರು ಮೈಲಿ ಹೋಗಬಯಸಿದವರಿಗೆ ಇವು ಬೇಕೇ ಬೇಕಿದ್ದವು. ಅಲ್ಲಿನ ಸವಾರರು ಸುಮ್ಮನೆ ಕೂರಲಿಲ್ಲ. ಕ್ರೇಗ್ ವೆಟ್ಟರ್ ಎಂಬವರು ತಯಾರಿಸುತ್ತಿದ್ದ 'ವಿಂಡ್‌ಜಾಮರ್' ಎಂಬ ಗಾಳಿತಡೆಯನ್ನು ತಂದು ಕಟ್ಟಿದರು; ಇಕ್ಕೆಲಗಳಲ್ಲೂ ಪೆಟ್ಟಿಗೆಗಳನ್ನು ಜೋಡಿಸಿದರು; ರೇಡಿಯೊ ಇಟ್ಟರು; ಹಿಂದೆ ಕೂರುವವರ ಬೆನ್ನಿಗೆ ಒರಗು ಹಾಕಿಸಿದರು. ಇದನ್ನೆಲ್ಲ ನೋಡಿದ ಕಂಪೆನಿ 1980ರಲ್ಲಿ ಗಾಳಿತಡೆ, ಪೆಟ್ಟಿಗೆಗಳ ಸಮೇತ 'ಇಂಟರ್‌ಸ್ಟೇಟ್' ಮಾದರಿಯನ್ನು ಹೊರತಂದಿತು. ಅದೇ ವರ್ಷ ಅಮೆರಿಕದ ಓಹಾಯೊ ರಾಜ್ಯದ ಮೇರಿಸ್‌ವಿಲ್ ಎಂಬಲ್ಲಿ ಗೋಲ್ಡ್ ವಿಂಗಿನ ತಯಾರಿಯೂ ಆರಂಭವಾಯಿತು. ಸುಮಾರು 3 ದಶಕಗಳ ಕಾಲ ಅಲ್ಲಿಯೇ ತಯಾರಾದ ಬಂಡಿ ಆ ಬಳಿಕ ಮತ್ತೆ ಜಪಾನಿನ ಕುಮಾಮೊಟೊ ಕಾರ್ಖಾನೆಗೆ ಮರಳಿತು. ಜಪಾನಿನವರು ಕೊಟ್ಟ ಜೀವಕ್ಕೆ ಅಮೆರಿಕದ ಸವಾರರು ರೂಪ ಕೊಟ್ಟರು ಎಂದರೆ ತಪ್ಪಾಗದು.

ಆರರ ಗುಟ್ಟು

ಪ್ರಯೋಗಶಾಲೆಯಲ್ಲೇ ಉಳಿದಿದ್ದ ಆರು ಸಿಲಿಂಡರುಗಳು ಗೋಲ್ಡ್ ವಿಂಗಿಗೆ ಬಂದದ್ದು 1988ರ ಮಾದರಿಯಲ್ಲಿ, 1520 ಸಿ.ಸಿ. ಇಂಜಿನಿನೊಂದಿಗೆ. ಅಷ್ಟರಲ್ಲಿ ಆರು ಸಿಲಿಂಡರಿನ ಬೇರೆ ಬಂಡಿಗಳು ಬಂದುಹೋಗಿದ್ದವು. ಇಟಲಿಯ ಬೆನೆಲ್ಲಿ, ಹೋಂಡಾದ್ದೇ ಆದ ಸಿಬಿಎಕ್ಸ್, ಕವಾಸಾಕಿಯ 1300 ಇವೆಲ್ಲವೂ 1970ರ ದಶಕದವು. ಇವುಗಳಲ್ಲಿ ಸಿಲಿಂಡರುಗಳು ಅಡ್ಡಸಾಲಾಗಿ ನಿಂತಿದ್ದವು. ಗೋಲ್ಡ್ ವಿಂಗಿನಲ್ಲಿ ಹಾಗಲ್ಲ. ಎಡಕ್ಕೆ ಮೂರು, ಬಲಕ್ಕೆ ಮೂರು ಸಿಲಿಂಡರುಗಳು ಅಡ್ಡ ಮಲಗಿವೆ.

ಇದರಿಂದ ಎರಡು ಲಾಭ. ಎದುರುಬದುರಾದ ಕೊಂತಗಳು ಏಕಕಾಲದಲ್ಲಿ ಹೊರಕ್ಕೂ ಏಕಕಾಲದಲ್ಲಿ ಒಳಕ್ಕೂ ಚಲಿಸುವುದರಿಂದ ಒಂದರ ಹೊಡೆತವನ್ನು ಇನ್ನೊಂದು ನುಂಗಿಬಿಡುತ್ತದೆ. ನಡುಕ ಎಂಬುದೇ ಇಲ್ಲವೆನ್ನಬಹುದು. ದಿನವಿಡೀ ಸವಾರಿ ಮಾಡಿದರೂ ಅಂಗೈ ಜೋಮು ಹಿಡಿಯದು. ಎರಡನೆಯದಾಗಿ, ಇಂಜಿನಿನ ಭಾರವೆಲ್ಲ ನೆಲಕ್ಕೆ ಹತ್ತಿರವಾಗಿ ಕೆಳಗೆ ಕೂರುತ್ತದೆ. ಟಾಂಕಿಯೂ ಸೀಟಿನ ಅಡಿಯಲ್ಲೇ. ಹೀಗಾಗಿ ನೋಡಲು ಆನೆಯಂತಿದ್ದರೂ ಓಡತೊಡಗಿದ ಮೇಲೆ ತಿರುವುಗಳಲ್ಲಿ ಅದು ಹಗುರಾಗಿ ವಾಲುತ್ತದೆ.

ಈಗಿನ ಇಂಜಿನು 1833 ಸಿ.ಸಿ.ಯದು. ಕೆಳಗಿನ ವೇಗದಲ್ಲೇ ತುಂಬು ಬಲ ಕೊಡುವುದರಿಂದ ಪದೇ ಪದೇ ಗೇರ್ ಬದಲಾಯಿಸುವ ರಗಳೆ ಕಡಿಮೆ. 2018ರ ಮಾದರಿಯಿಂದ ತಾನಾಗಿ ಬದಲಾಗುವ 7 ಗೇರುಗಳ ವ್ಯವಸ್ಥೆಯೂ ಬಂದಿದೆ. ಒಂದು ಲೀಟರಿಗೆ ಸುಮಾರು 18 ಕಿಲೋಮೀಟರ್ ಓಡುತ್ತದೆ. ಟಾಂಕಿ 21 ಲೀಟರಿನದು. ತಲಪಾಡಿಯಲ್ಲಿ ತುಂಬಿಸಿಕೊಂಡರೆ ಬೆಂಗಳೂರಿನವರೆಗೆ ಚಿಂತೆಯಿಲ್ಲ ಎಂದು ಲೆಕ್ಕ ಹಾಕಿಕೊಳ್ಳಬಹುದು.

ಹಿಂದಿನ ಸೀಟಿನ ಮರ್ಯಾದೆ

ಮೋಟಾರು ಸೈಕಲಿನ ಜಾಹೀರಾತುಗಳೆಲ್ಲ ಮುಂದೆ ಕೂತವನ ಗತ್ತನ್ನೇ ಹೊಗಳುತ್ತವೆ. ಹಿಂದೆ ಕೂತವರ ಬಗ್ಗೆ ಯೋಚಿಸಿದವರು ಕಡಿಮೆ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಚೀಲ ಹಿಡಿದು, ಸೀರೆಯ ಸೆರಗು ಚಕ್ರಕ್ಕೆ ಸಿಲುಕದಂತೆ ನೋಡಿಕೊಂಡು ಒಂದು ಬದಿಗೆ ಕೂರುವ ನಮ್ಮ ಹೆಂಗಸರನ್ನು ಕೇಳಿದರೆ ಆ ಕಷ್ಟ ತಿಳಿದೀತು.

ಗೋಲ್ಡ್ ವಿಂಗಿನ ದೊಡ್ಡ ಮಾದರಿಯಲ್ಲಿ ಹಿಂದಿನ ಸೀಟು ಒಂದು ಕುರ್ಚಿಯೇ ಸರಿ. ಬೆನ್ನಿಗೆ ಒರಗು, ಕಾಲಿಗೆ ವಿಶಾಲವಾದ ಮೆಟ್ಟು, ಚಳಿಗೆ ಬಿಸಿಯಾಗುವ ಸೀಟು. ಶಿರಸ್ತ್ರಾಣದೊಳಗಿನ ಧ್ವನಿಯಂತ್ರದ ಮೂಲಕ ಇಬ್ಬರೂ ಮೆಲ್ಲನೆ ಮಾತಾಡಿಕೊಳ್ಳಬಹುದು. ಇದನ್ನು ಕೊಳ್ಳುವವರಲ್ಲಿ ಬಹಳ ಮಂದಿ ಮಕ್ಕಳು ದೊಡ್ಡವರಾಗಿ, ಮನೆಯ ಜವಾಬ್ದಾರಿ ಒಂದಷ್ಟು ಇಳಿದ ಮೇಲೆ ದಂಪತಿಗಳಾಗಿ ಊರು ಸುತ್ತಹೊರಟವರು. ವೇಗದ ಹುಚ್ಚು ಇಳಿದ ಬಳಿಕ ಉಳಿಯುವ ದೂರದ ಆಸೆ ಅವರದು.

ದೂರವೆಂದರೆ ಎಷ್ಟು ದೂರ? ಅರ್ಜೆಂಟೀನದ ಎಮಿಲಿಯೊ ಸ್ಕಾಟೊ ಎಂಬವರು 1985ರ ಜನವರಿಯಲ್ಲಿ ಸುಮಾರು 300 ಡಾಲರ್ ಹಣ ಇಟ್ಟುಕೊಂಡು ತಮ್ಮ ಗೋಲ್ಡ್ ವಿಂಗ್ ಏರಿ ಹೊರಟರು. ಅದು ನಾಲ್ಕು ಸಿಲಿಂಡರಿನ 1980ರ ಮಾದರಿ. ಅವರು ಪ್ರವಾಸ ಮುಗಿಸಿದ್ದು 1995ರ ಏಪ್ರಿಲಿನಲ್ಲಿ! ಅಷ್ಟರಲ್ಲಿ 7,35,000 ಕಿಲೋಮೀಟರ್ ಕ್ರಮಿಸಿ 214 ದೇಶ, ಪ್ರಾಂತಗಳನ್ನು ಕಂಡಿದ್ದರು. ಗಿನ್ನೆಸ್ ದಾಖಲೆಯಲ್ಲಿ ಅವರ ಹೆಸರು ಸೇರಿತು.

ನಿಂತಾಗಲೇ ಕಷ್ಟ

ಇಷ್ಟೆಲ್ಲ ಸುಖದ ಮಾತಾಯಿತು. ಇನ್ನು ಕಷ್ಟದ ಮಾತು. ಈ ಬಂಡಿ ಓಡುವಾಗ ಸೌಮ್ಯ. ಕಷ್ಟ ಕೊಡುವುದು ನಿಂತಾಗ. ಈಗಿನ ಪೂರ್ಣ ಮಾದರಿಯ ತೂಕ ಸುಮಾರು 390 ಕಿಲೋ. ಇಳಿಜಾರಿನಲ್ಲಿ ಮೂತಿ ತಗ್ಗಿಗೆ ಇಟ್ಟು ನಿಲ್ಲಿಸಿದರೆ ಹಿಂದಕ್ಕೆ ತಳ್ಳಿಕೊಳ್ಳುವುದು ಮನುಷ್ಯನ ಕಾಲಿಗೆ ಸಾಧ್ಯವಿಲ್ಲದ ಮಾತು. ಅದಕ್ಕೆಂದೇ 1988ರ ಮಾದರಿಯಲ್ಲಿ ಇಂಜಿನ್ ಚಾಲೂ ಮಾಡುವ ಸ್ಟಾರ್ಟರ್ ಮೋಟಾರಿನ ಬಲದಿಂದಲೇ ಬಂಡಿ ಮೆಲ್ಲನೆ ಹಿಂದೆ ಸರಿಯುವ ಉಪಾಯ ಮಾಡಿದರು.

ಪೇಟೆಯ ದಟ್ಟಣೆಯಲ್ಲಿ, ಜಲ್ಲಿಕಲ್ಲಿನ ಅಂಗಳದಲ್ಲಿ, ಪೆಟ್ರೋಲ್ ಬಂಕಿನ ತಿರುವಿನಲ್ಲಿ ನಡೆಯುವ ವೇಗದಲ್ಲಿ ಹೋಗುವಾಗಲೇ ಈ ಬಂಡಿ ಮಗುಚುವುದು ಹೆಚ್ಚು. ಹ್ಯಾಂಡಲ್ ತಿರುಗಿಸಿರುವಾಗ ಮುಂದಿನ ಬ್ರೇಕ್ ಹಿಡಿದರೆ ಮುಗಿಯಿತು. ನುರಿತವರು ಹೇಳಿಕೊಡುವ ಪಾಠ ಸರಳವಾದದ್ದು: ನಿಧಾನಗತಿಯಲ್ಲಿ ಹಿಂದಿನ ಬ್ರೇಕನ್ನು ಮಾತ್ರ ಹಗುರವಾಗಿ ಒತ್ತು, ಚಕ್ರದ ಕಡೆ ನೋಡದೆ ಹೋಗಬೇಕಾದ ಕಡೆ ನೋಡು, ವಾಲತೊಡಗಿದ ಬಂಡಿಯನ್ನು ಕಾಲುಕೊಟ್ಟು ತಡೆಯಹೋಗಬೇಡ. 390 ಕಿಲೋ ಭಾರದ ಮುಂದೆ ಮನುಷ್ಯನ ಮೊಣಕಾಲು ಎಷ್ಟರದು?

ಬಿದ್ದ ಬಂಡಿಯನ್ನು ಎತ್ತುವುದಕ್ಕೂ ಒಂದು ಕ್ರಮವಿದೆ. ಮೊದಲು ಇಂಜಿನ್ ಬಂದ್ ಮಾಡಬೇಕು. ಬಂಡಿ ಬಲಕ್ಕೆ ಬಿದ್ದಿದ್ದರೆ ಎಡಬದಿಯ ಊರುಗಾಲನ್ನು ಬಿಡಿಸಿಡಬೇಕು. ಬಳಿಕ ಬಂಡಿಗೆ ಬೆನ್ನು ಮಾಡಿ, ಸೀಟಿಗೆ ಸೊಂಟ ಆನಿಸಿ, ಒಂದು ಕೈಯಲ್ಲಿ ಹ್ಯಾಂಡಲನ್ನೂ ಇನ್ನೊಂದರಲ್ಲಿ ಹಿಂಬದಿಯ ಹಿಡಿಕೆಯನ್ನೂ ಹಿಡಿದು ಪುಟ್ಟ ಪುಟ್ಟ ಹೆಜ್ಜೆಗಳಲ್ಲಿ ಹಿಂದೆ ನಡೆಯಬೇಕು. ಎತ್ತಬೇಕಾದ್ದು ಕಾಲಿನ ಬಲದಿಂದ. ಬೆನ್ನು ಬಗ್ಗಿಸಿ ಎತ್ತಹೋದರೆ ವೈದ್ಯರ ಬಳಿಗೇ ಹೋಗಬೇಕಾದೀತು. ಇಂಜಿನು ಅಗಲವಾಗಿರುವುದರಿಂದಲೂ ಇಕ್ಕೆಲದ ರಕ್ಷಣಾ ಕಂಬಿಗಳಿಂದಲೂ ಬಂಡಿ ಪೂರ್ತಿ ಅಂಗಾತ ಮಲಗುವುದಿಲ್ಲ ಎಂಬುದೊಂದೇ ಸಮಾಧಾನ.

ಅಪಘಾತದ ಭಯಕ್ಕೂ ಕಂಪೆನಿ ಕೈಲಾದ ಉಪಾಯ ಮಾಡಿದೆ. 2006ರಲ್ಲಿ ಗಾಳಿಚೀಲ, ಅಂದರೆ ಏರ್‌ಬ್ಯಾಗ್, ಗೋಲ್ಡ್ ವಿಂಗಿಗೆ ಬಂತು. ಮಾರಾಟದ ಮೋಟಾರು ಸೈಕಲಿಗೆ ಇಂಥ ರಕ್ಷಣೆ ಬಂದದ್ದು ಜಗತ್ತಿನಲ್ಲೇ ಅದು ಮೊದಲು.

ನಮ್ಮ ದೇಶದಲ್ಲಿ

ಭಾರತದಲ್ಲೂ ಗೋಲ್ಡ್ ವಿಂಗ್ ಮಾರಾಟಕ್ಕಿದೆ. ಪೂರ್ತಿ ಸಿದ್ಧವಾಗಿಯೇ ಜಪಾನಿನಿಂದ ಬರುತ್ತದೆ. 50ನೇ ವರ್ಷದ ನೆನಪಿಗೆ ಬಂದ 2025ರ ಮಾದರಿಯ ಬೆಲೆಯನ್ನು ನೋಂದಣಿ, ವಿಮೆ ಬಿಟ್ಟು 39.90 ಲಕ್ಷ ರೂಪಾಯಿ ಎಂದು ಗೊತ್ತುಪಡಿಸಲಾಗಿತ್ತು. 2025ರ ಕೇಂದ್ರ ಬಜೆಟಿನಲ್ಲಿ 1600 ಸಿ.ಸಿ. ಮತ್ತು ಅದಕ್ಕೆ ಮೇಲ್ಪಟ್ಟ ಸಿದ್ಧ ಮೋಟಾರು ಸೈಕಲುಗಳ ಆಮದು ಸುಂಕ ಶೇಕಡಾ 50ರಿಂದ 30ಕ್ಕೆ ಇಳಿಯಿತು. ಆದರೆ ಅದೇ ಸೆಪ್ಟೆಂಬರಿನಲ್ಲಿ 350 ಸಿ.ಸಿ.ಗೆ ಮೇಲ್ಪಟ್ಟ ಬಂಡಿಗಳ ಜಿ.ಎಸ್.ಟಿ. ಶೇಕಡಾ 40ಕ್ಕೆ ಏರಿತು. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈ ಸ್ವಲ್ಪಮಟ್ಟಿಗೆ ಹಿಂದೆ ಪಡೆದಂತಾಯಿತು.

ಹಣವಿದ್ದ ಮಾತ್ರಕ್ಕೆ ದಾರಿ ಸಿಕ್ಕೀತೆಂದೂ ಇಲ್ಲ. ಇದರ ಹೊಟ್ಟೆಗೂ ನೆಲಕ್ಕೂ ನಡುವೆ ಸುಮಾರು 13 ಸೆಂಟಿಮೀಟರ್ ಅಂತರ ಮಾತ್ರ. ನಮ್ಮ ಒಳರಸ್ತೆಗಳ ಹಂಪುಗಳೂ ಮಳೆಗಾಲದ ಹೊಂಡಗಳೂ ಅದಕ್ಕೆ ಹೇಳಿಸಿದ್ದಲ್ಲ. ಇನ್ನು ಹೆದ್ದಾರಿ ಎಂದರೆ, 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳನ್ನು ನಿಷೇಧಿಸಲಾಯಿತು. ನಿಯಮಕ್ಕೆ ಮೊಪೆಡೂ ಒಂದೇ, 1833 ಸಿ.ಸಿ.ಯ ಬಂಡಿಯೂ ಒಂದೇ. ದೂರದ ಹೆದ್ದಾರಿಗೆಂದೇ ಹುಟ್ಟಿದ ವಾಹನ ಬದಿಯ ರಸ್ತೆಯಲ್ಲಿ ಆಟೋರಿಕ್ಷಾಗಳ ಹಿಂದೆ ಸಾಲು ಹಿಡಿಯಬೇಕು!

ಇಳಿಯುವ ಹೊತ್ತು

ಈ ಬಂಡಿಯ ಒಡೆಯರನ್ನು ಒಂದಲ್ಲ ಒಂದು ದಿನ ಕಾಡುವ ಪ್ರಶ್ನೆ ಬೆಲೆಯದಲ್ಲ, ವಯಸ್ಸಿನದು. ಮೊದಲ ಮಾದರಿ ಸುಮಾರು 300 ಕಿಲೋ ಇತ್ತು. ಸುಖ ಸೌಕರ್ಯ ಹೆಚ್ಚಿದಂತೆ ತೂಕವೂ ಏರಿ 2010ರ ದಶಕದ ಹೊತ್ತಿಗೆ 400 ಕಿಲೋ ದಾಟಿತ್ತು. ಬಂಡಿ ಭಾರವಾದಂತೆ ಸವಾರರಿಗೆ ಪ್ರಾಯವೂ ಏರಿತು. 30ರ ಹರೆಯದಲ್ಲಿ ಮೊದಲ ಬಂಡಿ ಕೊಂಡವನು 70ರ ಹತ್ತಿರ ಬಂದಾಗ ಮೊಣಕಾಲು, ಸೊಂಟ ಮೊದಲಿನಂತೆ ಇರುವುದುಂಟೆ? 2018ರಲ್ಲಿ ಕಂಪೆನಿ ಹೊಸ ವಿನ್ಯಾಸದಿಂದ ಸುಮಾರು 40 ಕಿಲೋ ಇಳಿಸಿತು. ಸಾಮಾನಿನ ಪೆಟ್ಟಿಗೆಗಳು ಕಿರಿದಾದವು ಎಂದು ಹಳಬರು ಗೊಣಗಿದರು. ಹೊಸ ತಲೆಮಾರನ್ನು ಕರೆತರಬೇಕಾದರೆ ಇದು ಬೇಕಿತ್ತು ಎಂದು ಬೇರೆಯವರು ವಾದಿಸಿದರು.

ಕೆಲವರು ಹಿಂದಿನ ಒಂದು ಚಕ್ರದ ಬದಲು ಎರಡು ಚಕ್ರ ಹಾಕಿಸಿ ಬಂಡಿಯನ್ನು ತ್ರಿಚಕ್ರ ಮಾಡಿಸಿಕೊಳ್ಳುತ್ತಾರೆ. ನಿಂತಾಗ ಬೀಳುವ ಭಯ ಆಗ ಇಲ್ಲ. ಆದರೆ ತಿರುವಿನಲ್ಲಿ ಬಂಡಿಯೊಂದಿಗೆ ತಾನೂ ವಾಲುವ ಆ ಸುಖವೂ ಇಲ್ಲ. ಇನ್ನು ಕೆಲವರು ಹಗುರ ಬಂಡಿಗೆ ಇಳಿಯುತ್ತಾರೆ. ಹಿಂದಿನ ಸೀಟಿನವರು "ಸಾಕು" ಎಂದ ದಿನವೇ ಮಾರಿಬಿಡುವವರೂ ಇದ್ದಾರೆ.

ಈ ಸವಾರರ ಒಂದು ದೊಡ್ಡ ಸಂಘವಿತ್ತು. ಅಮೆರಿಕದ ಅರಿಜೋನಾ ರಾಜ್ಯದಲ್ಲಿ 1977ರಲ್ಲಿ ಆರಂಭವಾದ 'ಗೋಲ್ಡ್ ವಿಂಗ್ ರೋಡ್ ರೈಡರ್ಸ್ ಅಸೋಸಿಯೇಶನ್'. ಸ್ನೇಹ, ವಿನೋದದ ಜತೆಗೆ ಸುರಕ್ಷಿತ ಸವಾರಿಯ ತರಬೇತಿಯೂ ಅದರ ಕೆಲಸವಾಗಿತ್ತು. ಊರೂರುಗಳಲ್ಲಿ ಶಾಖೆಗಳಿದ್ದವು, ವರ್ಷಕ್ಕೊಮ್ಮೆ ದೊಡ್ಡ ಸಮಾವೇಶ ನಡೆಯುತ್ತಿತ್ತು. ಆ ಸಂಘ 2023ರಲ್ಲಿ ಮುಚ್ಚಿತು. ಆದರೂ ಶಾಖೆಗಳಲ್ಲಿ ಜತೆಯಾದವರ ಒಡನಾಟ ಅದರೊಂದಿಗೆ ಮುಗಿಯಲಿಲ್ಲ. ಬಂಡಿ ಮಾರಿದವರೂ ಗೆಳೆಯರನ್ನು ಕಾಣಲು ಕಾರಿನಲ್ಲಿ ಬಂದು ಸೇರುವುದುಂಟು.

ಇಂಥ ಬಂಡಿಯ ಕನಸು ಕಾಣುವ ನಮ್ಮ ಯುವಕರಿಗೆ ಹೇಳಬೇಕಾದ ಮಾತು ಇಷ್ಟೇ. ನೇರ ರಸ್ತೆಯಲ್ಲಿ ಅದನ್ನು ಓಡಿಸಲು ಯಾರಿಗೂ ಬಂದೀತು. ಮನೆಯ ಅಂಗಳದಲ್ಲಿ ತಿರುಗಿಸಲು, ಹಿಂದೆ ಕೂತವರು ನೆಮ್ಮದಿಯಿಂದ ಕಣ್ಣು ಮುಚ್ಚುವಂತೆ ಸಾಗಿಸಲು, ಕೈಕಾಲು ಸೋತಾಗ ಹಠ ಮಾಡದೆ ಕೀಲಿಕೈಯನ್ನು ಇನ್ನೊಬ್ಬರಿಗೆ ಕೊಡಲು ಕಲಿಯಬೇಕು. ಒಂದು ಸಿಲಿಂಡರಿನ ನಮ್ಮ ಸಣ್ಣ ಬಂಡಿಯಲ್ಲೇ ಈ ಅಭ್ಯಾಸ ಶುರುಮಾಡಿದರೆ ಯಾವ ನಷ್ಟವೂ ಇಲ್ಲ.