ಎರಡೂವರೆ ನಿಮಿಷದ ನೃತ್ಯ, ಮೂರು ದಿನದ ವಹಿವಾಟು

ಕ್ರೀಡಾಕೂಟ, ವಸ್ತುಪ್ರದರ್ಶನ, ವೃತ್ತಿಪರ ಸಮ್ಮೇಳನ ಮುಂತಾದವುಗಳಿಂದ ಒಂದು ನಗರದ ವ್ಯಾಪಾರಕ್ಕೆ ದೊರೆಯುವ ಚಾಲನೆಯ ಬಗ್ಗೆ ವಾಣಿಜ್ಯ ವಲಯದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಮಕ್ಕಳ ನೃತ್ಯಸ್ಪರ್ಧೆಯನ್ನು ಈ ಸಾಲಿನಲ್ಲಿಟ್ಟು ನೋಡಿದವರು ವಿರಳ. ಆದರೆ ಅಮೆರಿಕದ ನಗರಗಳಲ್ಲಿ ಪ್ರತಿ ವರ್ಷ ಶರತ್ಕಾಲದಿಂದ ವಸಂತದ ಆರಂಭದವರೆಗೆ, ಗುರುವಾರವೋ ಶುಕ್ರವಾರವೋ ಆರಂಭಗೊಂಡು ಭಾನುವಾರ ರಾತ್ರಿ ಬಹುಮಾನ ವಿತರಣೆಯೊಡನೆ ಮುಗಿಯುವ ಬ್ಯಾಲೆ ಮತ್ತು ಸಮಕಾಲೀನ ನೃತ್ಯಸ್ಪರ್ಧೆಗಳು ಇಂದು ಒಂದು ಸುಸಂಘಟಿತ ಸೇವಾ ಉದ್ಯಮವಾಗಿ ಬೆಳೆದಿವೆ. ಈ ಉದ್ಯಮದ ವಿಶೇಷವೆಂದರೆ, ಇದರ ಬಂಡವಾಳದ ಬಹುಭಾಗವನ್ನು ತೊಡಗಿಸುವವರು ಸಂಘಟಕರಲ್ಲ, ಪ್ರಾಯೋಜಕರೂ ಅಲ್ಲ. ಸ್ಪರ್ಧಿಗಳ ತಂದೆ ತಾಯಿಗಳು.

ಈ ಬಗೆಯ ಸ್ಪರ್ಧೆಗಳಲ್ಲಿ ಅತ್ಯಂತ ಹೆಸರಾದುದು ‘ಯೂತ್ ಅಮೆರಿಕ ಗ್ರ್ಯಾಂಡ್ ಪ್ರೀ’. ಮಾಸ್ಕೋದ ಬೊಲ್ಶೋಯ್ ರಂಗಮಂದಿರದಲ್ಲಿ ನರ್ತಕರಾಗಿದ್ದು ಅಮೆರಿಕಕ್ಕೆ ಬಂದು ನೆಲಸಿದ ಲಾರಿಸಾ ಮತ್ತು ಗೆನ್ನಾದಿ ಸವೇಲಿಯೆವ್ ದಂಪತಿಗಳು 1999ರಲ್ಲಿ ಇದನ್ನು ಸ್ಥಾಪಿಸಿದರು. 9ರಿಂದ 19 ವರ್ಷದವರು ಇದರಲ್ಲಿ ಭಾಗವಹಿಸಬಹುದು. 9ರಿಂದ 11, 12ರಿಂದ 14, 15ರಿಂದ 19 ಎಂದು ಮೂರು ವಯೋವಿಭಾಗಗಳಿವೆ. ಅಮೆರಿಕದ ಅನೇಕ ನಗರಗಳಲ್ಲೂ ಕೆಲವು ಹೊರದೇಶಗಳಲ್ಲೂ ವಾರಾಂತ್ಯದ ಉಪಾಂತ್ಯ ಸುತ್ತುಗಳು ನಡೆದು, ಆಯ್ಕೆಯಾದವರು ಅಂತಿಮ ಸುತ್ತಿಗೆ ತೆರಳುತ್ತಾರೆ. ಏಕವ್ಯಕ್ತಿ ಸ್ಪರ್ಧಿಯು ಶಾಸ್ತ್ರೀಯ ಬ್ಯಾಲೆಯ ಒಂದು ಖಂಡವನ್ನೂ ಸಮಕಾಲೀನ ಶೈಲಿಯ ಒಂದು ರಚನೆಯನ್ನೂ ಪ್ರದರ್ಶಿಸುವುದು ರೂಢಿ. ಹಿರಿಯರ ವಿಭಾಗದ ‘ಗ್ರ್ಯಾಂಡ್ ಪ್ರೀ’ ಪ್ರಶಸ್ತಿಗೆ ಎರಡರಲ್ಲೂ ಉನ್ನತ ಅಂಕ ಬೇಕು. ಇಂದಿನ ಬ್ಯಾಲೆ ತಂಡಗಳು ಒಂದೇ ಋತುವಿನಲ್ಲಿ ಎರಡೂ ಬಗೆಯ ಕೃತಿಗಳನ್ನು ಆಡುವುದರಿಂದ ಈ ನಿಯಮ ಸಹಜವಾಗಿಯೇ ಬಂದಿದೆ.

ಮಾರಾಟವಾಗುವ ಸರಕು

ಲೆಕ್ಕಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಸಂಘಟಕನ ಕೈಯಲ್ಲಿರುವ ಸರಕು ಒಂದೇ: ವೇದಿಕೆಯ ನಿಮಿಷ. ರಂಗಮಂದಿರದ ಬಾಡಿಗೆ, ಬೆಳಕು ಮತ್ತು ಧ್ವನಿವ್ಯವಸ್ಥೆ, ತೀರ್ಪುಗಾರರ ಪ್ರಯಾಣ ಮತ್ತು ಸಂಭಾವನೆ ಇವೆಲ್ಲ ಸ್ಥಿರ ವೆಚ್ಚಗಳು. ಸ್ಪರ್ಧಿಗಳು ನೂರಿರಲಿ, ಇನ್ನೂರಿರಲಿ, ಇವು ಹೆಚ್ಚು ಕಡಿಮೆ ಅಷ್ಟೇ ಇರುತ್ತವೆ. ಮಾರಾಟವಾಗದ ನಿಮಿಷವು ವಿಮಾನದ ಖಾಲಿ ಆಸನದಂತೆ ಅಂದೇ ನಷ್ಟವಾಗಿ ಹೋಗುತ್ತದೆ.

ಉದಾಹರಣೆಗಾಗಿ ಒಂದು ಕಾಲ್ಪನಿಕ ಲೆಕ್ಕವನ್ನು ಪರಿಶೀಲಿಸಬಹುದು. ನೃತ್ಯಕ್ಕೆ ಎರಡೂವರೆ ನಿಮಿಷ, ಘೋಷಣೆ ಮತ್ತು ಪ್ರವೇಶ-ನಿರ್ಗಮನಕ್ಕೆ ಅರ್ಧ ನಿಮಿಷ ಎಂದಿಟ್ಟುಕೊಂಡರೆ ಗಂಟೆಗೆ 20 ಪ್ರದರ್ಶನಗಳು. ದಿನಕ್ಕೆ 9 ಗಂಟೆಯಂತೆ 180, ಎರಡು ದಿನಕ್ಕೆ 360. ಪ್ರತಿ ಮಗುವೂ ಎರಡು ಬಾರಿ ನರ್ತಿಸುವುದರಿಂದ 180 ಮಕ್ಕಳು. ಪ್ರತಿ ಮಗುವಿನೊಡನೆ ಒಬ್ಬ ಪೋಷಕರು ಬಂದು, ಒಂದು ಕೊಠಡಿಯಲ್ಲಿ ಎರಡು ರಾತ್ರಿ ತಂಗಿದರೂ ನಗರದ ಹೋಟೆಲುಗಳಿಗೆ 360 ಕೊಠಡಿ-ರಾತ್ರಿಗಳ ವ್ಯಾಪಾರ. ಊಟ, ಬಾಡಿಗೆ ಕಾರು, ಛಾಯಾಚಿತ್ರ, ದೃಶ್ಯಮುದ್ರಿಕೆ, ಮಂದಿರದ ಪಡಸಾಲೆಯಲ್ಲಿ ನೃತ್ಯದ ಉಡುಪು ಮಾರುವ ಮಳಿಗೆಗಳು ಇದಕ್ಕೆ ಹೊರತು. ಇಷ್ಟಾದರೂ ಪ್ರೇಕ್ಷಕರ ಟಿಕೆಟ್ ಹಣ ಇಲ್ಲಿ ಗೌಣ. ಸಭಾಂಗಣದಲ್ಲಿ ಕುಳಿತವರಲ್ಲಿ ಬಹುತೇಕರು ಸ್ಪರ್ಧಿಗಳ ಮನೆಯವರೇ.

ಸ್ಥಿರ ವೆಚ್ಚ ಅಧಿಕವಾಗಿರುವ ಯಾವುದೇ ಉದ್ಯಮದಲ್ಲಿ ಆಸನ ತುಂಬಿಸುವ ಒತ್ತಡ ಇದ್ದೇ ಇರುತ್ತದೆ. ಗೆಲ್ಲುವ ಸಾಧ್ಯತೆ ಇಲ್ಲದ ಮಗುವೂ ಗೆಲ್ಲುವ ಮಗುವಿನಷ್ಟೇ ಪ್ರವೇಶ ಶುಲ್ಕ ತೆರುತ್ತದೆ. ಸಂಘಟಕನ ಆದಾಯ-ವೆಚ್ಚ ಖಾತೆಯನ್ನು ಸರಿದೂಗಿಸುವುದು ವಾಸ್ತವವಾಗಿ ಅಂತಹ ಮಕ್ಕಳ ಶುಲ್ಕವೇ. ಆದ್ದರಿಂದ ಒಂದು ಸ್ಪರ್ಧೆಯ ಯೋಗ್ಯತೆಯನ್ನು ಅಳೆಯಬೇಕಾದುದು ಮೊದಲನೆಯ ಸ್ಥಾನ ಪಡೆದವಳಿಗೆ ಏನು ಸಿಕ್ಕಿತು ಎಂಬುದರಿಂದಲ್ಲ, ನೂರನೆಯ ಸ್ಥಾನದವಳಿಗೆ ಏನು ಸಿಕ್ಕಿತು ಎಂಬುದರಿಂದ. ಉತ್ತಮ ಸ್ಪರ್ಧೆಗಳಲ್ಲಿ ಆ ಮಗುವಿಗೆ ತೀರ್ಪುಗಾರರ ಅಭಿಪ್ರಾಯ ಮತ್ತು ಅವರೇ ನಡೆಸುವ ತರಗತಿಗಳಲ್ಲಿ ಕಲಿಯುವ ಅವಕಾಶ ದೊರೆಯುತ್ತವೆ. ಕಳಪೆ ಸ್ಪರ್ಧೆಗಳಲ್ಲಿ ಎಲ್ಲರಿಗೂ ಯಾವುದೋ ಒಂದು ಹೆಸರಿನ ಪದಕ ದೊರೆಯುತ್ತದೆ.

ಅಮೆರಿಕದ ಯುವಜನ ಸ್ಪರ್ಧೆಗಳಲ್ಲಿ ಇನ್ನೊಂದು ಪದ್ಧತಿಯೂ ಬೆಳೆದುಬಂದಿದೆ. ಸಂಘಟಕರು ಗೊತ್ತುಪಡಿಸಿದ ಹೋಟೆಲಿನಲ್ಲಿ ತಂಗಿದರೆ ಮಾತ್ರ ಸ್ಪರ್ಧೆಗೆ ಪ್ರವೇಶ. ಹೋಟೆಲಿನಿಂದ ಸಂಘಟಕರಿಗೆ ದಲ್ಲಾಳಿ ಹಣ. ನೃತ್ಯಕ್ಕೆ ಹತ್ತಿರದ ಚಿಯರ್ ಲೀಡಿಂಗ್ ಕ್ಷೇತ್ರದಲ್ಲಿ ಈ ಪದ್ಧತಿಯೂ ಸೇರಿದಂತೆ ಮಾರುಕಟ್ಟೆಯ ಏಕಸ್ವಾಮ್ಯವನ್ನು ಪೋಷಕರು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಆ ಕ್ಷೇತ್ರದ ಅತಿದೊಡ್ಡ ಕಂಪನಿಯಾದ ವಾರ್ಸಿಟಿ ಮತ್ತು ಅದರ ಹೂಡಿಕೆದಾರರು ತಪ್ಪನ್ನು ಒಪ್ಪಿಕೊಳ್ಳದೆಯೇ 2024ರಲ್ಲಿ 8.25 ಕೋಟಿ ಡಾಲರುಗಳ ರಾಜಿಗೆ ಬಂದರು. ಮಕ್ಕಳ ಹವ್ಯಾಸವೆಂದು ಹಗುರವಾಗಿ ಕಾಣುವಂತಹ ವ್ಯವಹಾರ ಇದಲ್ಲವೆಂಬುದಕ್ಕೆ ಈ ಒಂದು ಅಂಕಿ ಸಾಕು.

ಮನೆಯ ಖಾತೆ

ಪ್ರವೇಶ ಶುಲ್ಕವು ಕುಟುಂಬದ ವೆಚ್ಚದಲ್ಲಿ ಕಣ್ಣಿಗೆ ಕಾಣುವ ಸಣ್ಣ ಭಾಗ. ಹುಡುಗಿಯರು ಕಾಲ್ಬೆರಳ ತುದಿಯ ಮೇಲೆ ನಿಲ್ಲಲು ಬಳಸುವ ಪಾಯಿಂಟ್ ಷೂ ಇದಕ್ಕೆ ಒಳ್ಳೆಯ ನಿದರ್ಶನ. ಲಂಡನ್ನಿನಲ್ಲಿ 1929ರಲ್ಲಿ ಸ್ಥಾಪನೆಯಾದ ಫ್ರೀಡ್ ಸಂಸ್ಥೆಯಂತಹ ತಯಾರಕರು ಇವನ್ನು ಇಂದಿಗೂ ಬಹುಮಟ್ಟಿಗೆ ಕೈಯಿಂದಲೇ ತಯಾರಿಸುತ್ತಾರೆ. ಬಟ್ಟೆ, ಕಾಗದ ಮತ್ತು ಅಂಟಿನ ಪದರಗಳನ್ನು ಒಣಗಿಸಿ ಮೇಲೆ ಸ್ಯಾಟಿನ್ ಹೊದಿಸಿದ ಈ ಪಾದರಕ್ಷೆ ಬೆವರಿಗೂ ಒತ್ತಡಕ್ಕೂ ಬಹುಬೇಗ ಮೆತ್ತಗಾಗುತ್ತದೆ. ಜೊತೆಯೊಂದಕ್ಕೆ ಸುಮಾರು ನೂರು ಡಾಲರ್ ಬೆಲೆ. ಕಠಿಣ ಅಭ್ಯಾಸದಲ್ಲಿ ಆಯುಷ್ಯ ಕೆಲವೇ ದಿನಗಳು. ಲೆಕ್ಕಪುಸ್ತಕದಲ್ಲಿ ಇದನ್ನು ಆಸ್ತಿಯೆಂದು ತೋರಿಸಿ ಸವಕಳಿ ಕಳೆಯುವ ಪ್ರಶ್ನೆಯೇ ಉದ್ಭವಿಸದು, ಇದು ಅಪ್ಪಟ ಉಪಭೋಗ್ಯ ವಸ್ತು. ಇದರ ಮೇಲೆ ಟುಟು ಎಂಬ ಉಡುಪು, ಖಾಸಗಿ ತರಬೇತಿ, ಗಾಯಗಳಿಗೆ ಭೌತಚಿಕಿತ್ಸೆ, ಪ್ರಯಾಣ.

ಶಾಸ್ತ್ರೀಯ ಮತ್ತು ಸಮಕಾಲೀನ ವಿಭಾಗಗಳ ವೆಚ್ಚದಲ್ಲಿ ಒಂದು ಸ್ವಾರಸ್ಯಕರ ವ್ಯತ್ಯಾಸವಿದೆ. 1910ರಲ್ಲಿ ತೀರಿಕೊಂಡ ಮಾರಿಯಸ್ ಪೆಟಿಪಾ ಸಂಯೋಜಿಸಿದ ಖಂಡಗಳಿಗೆ ಇಂದು ಗೌರವಧನ ತೆರಬೇಕಾಗಿಲ್ಲ. ಸ್ಪರ್ಧೆಗಳಲ್ಲಿ ಪದೇ ಪದೇ ಕಾಣುವ, 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಂಗಕ್ಕೆ ಬಂದ ಅವರ ‘ಲಾ ಬಯಾದೇರ್’ ಕೃತಿಯ ಕಥೆ ನಡೆಯುವುದು ಭಾರತದಲ್ಲಿ. ನಾಯಕಿ ದೇವಾಲಯದ ನರ್ತಕಿ, ಆಕೆಯ ಪ್ರತಿಸ್ಪರ್ಧಿ ಗೋಲ್ಕೊಂಡದ ರಾಜಕುಮಾರಿ. ನಮ್ಮ ನೆರೆಯ ಕೋಟೆಯ ಹೆಸರಿನಲ್ಲಿ ಅಮೆರಿಕದ ಹುಡುಗಿಯರು ಪದಕ ಪಡೆಯುತ್ತಿರುವುದು ಇಲ್ಲಿ ಅನೇಕರಿಗೆ ತಿಳಿಯದು. 1983ರಲ್ಲಿ ನಿಧನರಾದ ಜಾರ್ಜ್ ಬ್ಯಾಲಂಚೀನ್ ಅವರ ಕೃತಿಗಳ ಸ್ಥಿತಿ ಇದಕ್ಕೆ ವ್ಯತಿರಿಕ್ತ. ಅವುಗಳ ಪರವಾನಗಿಯನ್ನು 1987ರಲ್ಲಿ ರಚನೆಯಾದ ಒಂದು ಟ್ರಸ್ಟ್ ನೋಡಿಕೊಳ್ಳುತ್ತದೆ. ಸಮಕಾಲೀನ ವಿಭಾಗಕ್ಕಾದರೋ ಹೊಸದಾಗಿ ಸಂಯೋಜಿಸಿಕೊಡುವ ವೃತ್ತಿಪರರೇ ಬೇಕು. ಒಂದು ಮಗುವಿನ ಎರಡೂವರೆ ನಿಮಿಷಕ್ಕಾಗಿ ನೃತ್ಯ ಸಂಯೋಜಕನಿಗೆ ಕೊಡುವ ಸಂಭಾವನೆಯನ್ನು ಹಂಚಿಕೊಳ್ಳಲು ಮತ್ತೊಬ್ಬರಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯೂ ದಾಖಲಿಸಲ್ಪಟ್ಟ ನೃತ್ಯ ಸಂಯೋಜನೆಗೆ ನಾಟಕಕೃತಿಯ ಸ್ಥಾನವನ್ನು ನೀಡಿದೆ ಎಂಬುದನ್ನು ನಮ್ಮ ಸಂಘಟಕರು ಗಮನಿಸುವುದು ಉಚಿತ.

ಬಹುಮಾನವೆಂದರೆ ಶಾಲೆಯ ಸ್ಥಾನ

ಇಷ್ಟು ವೆಚ್ಚ ಮಾಡಿ ಕುಟುಂಬಗಳು ಬರುವುದಾದರೂ ಏತಕ್ಕೆ? ತೀರ್ಪುಗಾರರ ಮೇಜಿನ ಹಿಂದೆ ಕುಳಿತವರಲ್ಲಿ ಬ್ಯಾಲೆ ಶಾಲೆಗಳ ಮುಖ್ಯಸ್ಥರು ಮತ್ತು ಪ್ರತಿನಿಧಿಗಳಿರುತ್ತಾರೆ ಎಂಬುದೇ ಇದಕ್ಕೆ ಉತ್ತರ. ಅವರು ಅಂಕಗಳ ಜೊತೆಗೆ ತಮ್ಮ ಶಾಲೆಯಲ್ಲಿ ಸ್ಥಾನವನ್ನೂ ವಿದ್ಯಾರ್ಥಿವೇತನವನ್ನೂ ನೀಡಬಲ್ಲರು. ಹೀಗಾಗಿ ಈ ವಾರಾಂತ್ಯವು ಸ್ಪರ್ಧೆಗಿಂತ ಹೆಚ್ಚಾಗಿ ಒಂದು ಉದ್ಯೋಗ ವಿನಿಮಯ ಕೇಂದ್ರ.

ಈ ಕಲ್ಪನೆಗೆ ಸ್ಪಷ್ಟ ರೂಪ ಕೊಟ್ಟವರು ಒಬ್ಬ ಕೈಗಾರಿಕೋದ್ಯಮಿ ಎಂಬುದು ವಾಣಿಜ್ಯ ಸಮುದಾಯಕ್ಕೆ ಅಭಿಮಾನದ ಸಂಗತಿ. ಸ್ವಿಟ್ಜರ್ಲೆಂಡಿನ ಫಿಲಿಪ್ ಬ್ರೌನ್‌ಶ್ವೈಗ್ ಅವರು ಕೈಗಡಿಯಾರದ ಬಿಡಿಭಾಗಗಳನ್ನು ತಯಾರಿಸುತ್ತಿದ್ದ ಪೋರ್ಟೆಸ್ಕಾಪ್ ಸಂಸ್ಥೆಯ ಮುಖ್ಯಸ್ಥರು. ಹಳೆಯ ಸ್ವಿಸ್ ಗಡಿಯಾರಗಳ ಮುಖದ ಮೇಲೆ ‘ಇಂಕಾಬ್ಲಾಕ್’ ಎಂದು ಅಚ್ಚಾಗಿರುತ್ತಿದ್ದ ಆಘಾತನಿರೋಧಕ ಈ ಸಂಸ್ಥೆಯದೇ. ಬೆಂಗಳೂರಿನ ಎಚ್‌ಎಂಟಿ ಗಡಿಯಾರಗಳ ಮೇಲಿದ್ದ ‘ಪ್ಯಾರಾ ಷಾಕ್’ ಅದೇ ಕೆಲಸ ಮಾಡುವ ಜಪಾನೀ ಸಾಧನ. ಅವರ ಪತ್ನಿ ಎಲ್ವೀರ್ ನರ್ತಕಿಯಾಗಿದ್ದವರು. ಪ್ರತಿಭೆಯಿದ್ದೂ ಹಣವಿಲ್ಲದೆ ಉತ್ತಮ ಶಾಲೆಗೆ ಸೇರಲಾಗದ ಮಕ್ಕಳಿಗಾಗಿ, ರೊಸೆಲ್ಲಾ ಹೈಟವರ್ ಮತ್ತು ಮೊರಿಸ್ ಬೆಜಾರ್ ಅವರ ಸಲಹೆ ಪಡೆದು, ದಂಪತಿಗಳು 1973ರಲ್ಲಿ ‘ಪ್ರೀ ದ ಲೊಸಾನ್’ ಸ್ಪರ್ಧೆಯನ್ನು ಆರಂಭಿಸಿದರು. ಕ್ಯೂಬಾದ ಬಡ ಕುಟುಂಬದ ಕಾರ್ಲೋಸ್ ಅಕೋಸ್ಟಾ ಅಲ್ಲಿ ಚಿನ್ನದ ಪದಕ ಪಡೆದುದು 1990ರಲ್ಲಿ.

ಲೊಸಾನ್ ಸ್ಪರ್ಧೆ ಒಂದು ವಾರ ನಡೆಯುತ್ತದೆ. ವೇದಿಕೆಯ ಪ್ರದರ್ಶನಕ್ಕಷ್ಟೇ ಅಲ್ಲದೆ ತರಗತಿಯಲ್ಲಿನ ಕಲಿಕೆಗೂ ಅಂಕಗಳಿವೆ. ಸ್ಪರ್ಧಿಗಳ ಆರೋಗ್ಯವನ್ನು ವೈದ್ಯರು ಪರಿಶೀಲಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿನ ವಿದ್ಯಾರ್ಥಿವೇತನದಲ್ಲಿ ಒಂದು ವರ್ಷದ ಬೋಧನೆಯ ಜೊತೆಗೆ ಜೀವನವೆಚ್ಚವೂ ಅಡಕವಾಗಿದೆ. ಈ ಅಂಶವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗುತ್ತದೆ. ಅನೇಕ ಸ್ಪರ್ಧೆಗಳು ತಾವು ವಿತರಿಸಿದ ವಿದ್ಯಾರ್ಥಿವೇತನದ ಒಟ್ಟು ಮೊತ್ತವನ್ನು ದೊಡ್ಡಕ್ಷರಗಳಲ್ಲಿ ಪ್ರಕಟಿಸುತ್ತವೆ. ಆದರೆ ಅದು ನಗದು ಅಲ್ಲ, ಶಾಲೆಯು ಬಿಟ್ಟುಕೊಡುವ ಶುಲ್ಕ. ಹೇಗೂ ನಡೆಯುವ ತರಗತಿಗೆ ಇನ್ನೊಂದು ಮಗುವನ್ನು ಸೇರಿಸಿಕೊಂಡರೆ ಶಾಲೆಗೆ ತಗಲುವ ಹೆಚ್ಚುವರಿ ವೆಚ್ಚ ಅಲ್ಪ. ಒಂದೇ ಮಗುವಿಗೆ ನಾಲ್ಕು ಶಾಲೆಗಳು ಸ್ಥಾನ ನೀಡಿದರೆ ನಾಲ್ಕೂ ಮೊತ್ತಗಳು ಘೋಷಣೆಯಲ್ಲಿ ಸೇರಬಹುದು, ಮಗು ಸ್ವೀಕರಿಸುವುದು ಒಂದನ್ನೇ. ಕೆಲವು ಕೊಡುಗೆಗಳು ಬೇಸಿಗೆಯ ಕೆಲವು ವಾರಗಳ ಶಿಬಿರಕ್ಕೆ ಸೀಮಿತ. ಊಟ, ವಸತಿ, ಪ್ರಯಾಣ ಮತ್ತೆ ತಂದೆಯ ಜೇಬಿನಿಂದಲೇ ಬರಬೇಕು. ಘೋಷಿತ ಮೊತ್ತಕ್ಕೂ ಕೈಸೇರಿದ ಪ್ರಯೋಜನಕ್ಕೂ ಇರುವ ಈ ಅಂತರವನ್ನು ಯಾವ ಲೆಕ್ಕಪರಿಶೋಧಕನೂ ಅಲಕ್ಷಿಸುವಂತಿಲ್ಲ. ಗ್ರ್ಯಾಂಡ್ ಪ್ರೀ ಲಾಭರಹಿತ ಸಂಸ್ಥೆಯಾದ್ದರಿಂದ ಅದರ ವಾರ್ಷಿಕ ತೆರಿಗೆ ವಿವರ ಪತ್ರವು ಅಮೆರಿಕದ ಕಾನೂನಿನಂತೆ ಸಾರ್ವಜನಿಕ ಪರಿಶೀಲನೆಗೆ ಮುಕ್ತವಾಗಿದೆ. ಲಾಭಕ್ಕಾಗಿ ನಡೆಯುವ ಖಾಸಗಿ ಸ್ಪರ್ಧಾ ಕಂಪನಿಗಳಲ್ಲಿ ಪೋಷಕರಿಗೆ ಅಂತಹ ಸೌಲಭ್ಯವಿಲ್ಲ.

ಗೆದ್ದವರ ಮುಂದಿನ ದಾರಿ ಏಕರೂಪವಾಗಿಲ್ಲ. ಈ ಸ್ಪರ್ಧೆಯನ್ನು ಕುರಿತು 2011ರಲ್ಲಿ ಬಂದ ‘ಫಸ್ಟ್ ಪೊಸಿಷನ್’ ಸಾಕ್ಷ್ಯಚಿತ್ರದಲ್ಲಿ ಕಾಣಿಸಿಕೊಂಡ ಬಾಲಕ ಆರನ್ ಬೆಲ್ 2020ರಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರಿನ ಪ್ರಧಾನ ನರ್ತಕನಾದ. ಯುದ್ಧಪೀಡಿತ ಸಿಯೆರಾ ಲಿಯೋನ್ ದೇಶದ ಅನಾಥೆ, ಅಮೆರಿಕದ ದಂಪತಿಗಳ ದತ್ತುಪುತ್ರಿ ಮಿಖೇಲಾ ಡಿಪ್ರಿನ್ಸ್ ನೆದರ್ಲೆಂಡ್ಸಿನ ರಾಷ್ಟ್ರೀಯ ತಂಡದಲ್ಲಿ ಹೆಸರು ಗಳಿಸಿ, 2024ರಲ್ಲಿ 29ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅದೇ ಚಿತ್ರದ ಮೀಕೊ ಫೋಗರ್ಟಿ ಇಂಗ್ಲೆಂಡಿನ ತಂಡವೊಂದಕ್ಕೆ ಸೇರಿ, ಅನಂತರ ನೃತ್ಯವೃತ್ತಿಯನ್ನು ಬಿಟ್ಟು ವಿಶ್ವವಿದ್ಯಾಲಯದ ವ್ಯಾಸಂಗಕ್ಕೆ ತೆರಳಿದಳು. ನರ್ತಕರ ವೃತ್ತಿಜೀವನ ಸಾಮಾನ್ಯವಾಗಿ ನಲವತ್ತರೊಳಗೆ ಮುಗಿಯುತ್ತದೆ. ಬ್ರೌನ್‌ಶ್ವೈಗ್ ಈ ಅಂಶವನ್ನೂ ಮನಗಂಡಿದ್ದರು. ನಿವೃತ್ತ ನರ್ತಕರು ಬೇರೆ ವೃತ್ತಿಗೆ ಅಣಿಯಾಗಲು ನೆರವಾಗುವ ಒಂದು ಅಂತರರಾಷ್ಟ್ರೀಯ ಸಂಘಟನೆಗೆ ಅವರು 1993ರಲ್ಲಿ ಕಾರಣರಾದರು. ಯಂತ್ರದ ಆಯುಷ್ಯ ಮುಗಿಯುವ ಮೊದಲೇ ಅದರ ಬದಲಿಗೆ ನಿಧಿ ಕಾದಿರಿಸುವ ಉದ್ಯಮಿಯ ಅಭ್ಯಾಸ ಇಲ್ಲಿಯೂ ಕೆಲಸ ಮಾಡಿರಬೇಕು.

ನಮ್ಮಲ್ಲಿ

ಭಾರತದಲ್ಲಿ ಬ್ಯಾಲೆ ಕಲಿಯುವವರ ಸಂಖ್ಯೆ ಇನ್ನೂ ಚಿಕ್ಕದು. ಆದರೂ ಮುಂಬಯಿಯ ವೆಲ್ಡರ್ ಒಬ್ಬರ ಮಗ ಅಮೀರುದ್ದೀನ್ ಷಾ 2017ರಲ್ಲಿ ಲಂಡನ್ನಿನ ರಾಯಲ್ ಬ್ಯಾಲೆ ಸ್ಕೂಲಿಗೂ, ದೆಹಲಿಯ ಇ-ರಿಕ್ಷಾ ಚಾಲಕರೊಬ್ಬರ ಮಗ ಕಮಲ್ ಸಿಂಗ್ 2020ರಲ್ಲಿ ಇಂಗ್ಲಿಷ್ ನ್ಯಾಷನಲ್ ಬ್ಯಾಲೆಯ ಶಾಲೆಗೂ ಆಯ್ಕೆಯಾದರು. ಸ್ಥಾನ ದೊರೆತ ಮೇಲೂ ಇಬ್ಬರೂ ಸಾರ್ವಜನಿಕರಿಂದ ಹಣ ಸಂಗ್ರಹಿಸಬೇಕಾಯಿತು. ಬೆಂಗಳೂರಿನಲ್ಲಿ 1992ರಲ್ಲಿ ಸ್ಥಾಪಿತವಾದ ಅಟ್ಟಕ್ಕಳರಿ ಸಂಸ್ಥೆ ಸಮಕಾಲೀನ ನೃತ್ಯದಲ್ಲಿ ಕ್ರಮಬದ್ಧ ಶಿಕ್ಷಣಕ್ಕೆ ಅಡಿಪಾಯ ಹಾಕಿತು. ಮೈಸೂರು, ಮಂಗಳೂರು, ಹುಬ್ಬಳ್ಳಿಗಳಂತಹ ನಗರಗಳಲ್ಲಿ ಸಭಾಂಗಣವೂ ಹೋಟೆಲುಗಳೂ ಇವೆ. ವಾರಾಂತ್ಯದ ಸ್ಪರ್ಧೆಗೆ ಬೇಕಾದ ಮೂಲಸೌಕರ್ಯಕ್ಕೆ ಕೊರತೆಯಿಲ್ಲ.

ತೆರಿಗೆಯ ವಿಷಯದಲ್ಲಿ ಮಾತ್ರ ಸಂಘಟಕರು ಎಚ್ಚರ ವಹಿಸಬೇಕು. ಸರಕು ಮತ್ತು ಸೇವಾ ತೆರಿಗೆಯ 28 ಜೂನ್ 2017ರ ವಿನಾಯಿತಿ ಅಧಿಸೂಚನೆಯಲ್ಲಿ ಸರ್ಕಸ್, ನೃತ್ಯ, ನಾಟಕಗಳ ಜೊತೆಗೆ ‘ಬ್ಯಾಲೆ’ ಎಂಬ ಪದವೇ ಇದೆ. ಆರಂಭದಲ್ಲಿ ರೂ. 250 ಇದ್ದ ಟಿಕೆಟ್ ದರದ ಮಿತಿಯನ್ನು 2018ರ ಜನವರಿಯಲ್ಲಿ ರೂ. 500ಕ್ಕೆ ಏರಿಸಲಾಯಿತು. ವಿನೋದವೆಂದರೆ, ಜಾನಪದ ಅಥವಾ ಶಾಸ್ತ್ರೀಯ ಕಲಾವಿದರ ರೂ. 1.5 ಲಕ್ಷದವರೆಗಿನ ಸಂಭಾವನೆಗೆ ಇರುವ ವಿನಾಯಿತಿ ಬ್ಯಾಲೆ ನರ್ತಕನಿಗೆ ದೊರೆಯುವುದು ಸಂದೇಹ. ಹಿಂದಿನ ಸೇವಾ ತೆರಿಗೆಯ 2012ರ ಮಾರ್ಗದರ್ಶಿಯು ಪಾಶ್ಚಾತ್ಯ ನೃತ್ಯವನ್ನು ಸ್ಪಷ್ಟವಾಗಿ ಹೊರಗಿಟ್ಟಿತ್ತು. ಪ್ರೇಕ್ಷಕನಿಗೆ ಬ್ಯಾಲೆ ಕಲೆ, ನರ್ತಕನಿಗೆ ವ್ಯಾಪಾರ! ಕಲಾ ತರಬೇತಿಗಿದ್ದ ವಿನಾಯಿತಿಯನ್ನು 18 ಜುಲೈ 2022ರಿಂದ ವ್ಯಕ್ತಿಗಳು ನೀಡುವ ತರಬೇತಿಗೆ ಸೀಮಿತಗೊಳಿಸಲಾಗಿದೆ. ಪಾಲುದಾರಿಕೆಯಾಗಿ ಅಥವಾ ಕಂಪನಿಯಾಗಿ ನಡೆಯುವ ನೃತ್ಯಶಾಲೆಗಳು ಇದನ್ನು ಗಮನಿಸತಕ್ಕದ್ದು.

ಪ್ರಾಯೋಜಕ ಕಂಪನಿಗಳಿಗೂ ಒಂದು ಸೂಚನೆ ಅಗತ್ಯ. ವೇದಿಕೆಯ ಹಿಂದೆ ತಮ್ಮ ಉತ್ಪನ್ನದ ಫಲಕ ಕಟ್ಟಿಸಿ ಆ ವೆಚ್ಚವನ್ನು ಸಾಮಾಜಿಕ ಹೊಣೆಗಾರಿಕೆಯ ಖಾತೆಗೆ ಬರೆಯುವಂತಿಲ್ಲ. ಮಾರುಕಟ್ಟೆಯ ಪ್ರಯೋಜನಕ್ಕಾಗಿ ನೀಡುವ ಪ್ರಾಯೋಜಕತ್ವವನ್ನು 2021ರ ತಿದ್ದುಪಡಿ ನಿಯಮಗಳು ಹೊರಗಿಟ್ಟಿವೆ. ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಅಭಿವೃದ್ಧಿಗೆ ಅರ್ಹವಾದ ಕಲೆಗಳೆಂದು ಹೆಸರಿಸಿರುವುದು ಸಾಂಪ್ರದಾಯಿಕ ಕಲೆಗಳನ್ನು. ಸಮಕಾಲೀನ ನೃತ್ಯವನ್ನು ಅದರಡಿ ತರುವುದು ಕಷ್ಟ. ಆದರೆ ಅದೇ ಅನುಸೂಚಿಯಲ್ಲಿ ಶಿಕ್ಷಣಕ್ಕೆ ಪ್ರತ್ಯೇಕ ಅವಕಾಶವಿದೆ. ಸ್ಪರ್ಧೆಯಲ್ಲಿ ಆಯ್ಕೆಯಾದ ವಿದ್ಯಾರ್ಥಿಗಳಿಗೆ ನೋಂದಾಯಿತ ಸಂಸ್ಥೆಯೊಂದರ ಮೂಲಕ ವರ್ಷದ ಶುಲ್ಕವನ್ನೂ ವಸತಿಯ ವೆಚ್ಚವನ್ನೂ ಭರಿಸುವ ಯೋಜನೆಯನ್ನು ಈ ಶೀರ್ಷಿಕೆಯಡಿ ರೂಪಿಸಲು ಸಾಧ್ಯವಿದ್ದು, ಫಲಕಕ್ಕೆ ತಗಲುವ ಮೊತ್ತದಲ್ಲಿಯೇ ಒಂದಿಬ್ಬರು ಮಕ್ಕಳ ವ್ಯಾಸಂಗ ನಡೆಯಬಹುದು.