ಮುಟ್ಟಿದರೆ ಮಾರುತ್ತರ ಕೊಡುವ ಯಂತ್ರಗಳು

ಆಟದ ಯಂತ್ರವೆಂದೊಡನೆ ಇಂದಿನ ಮಕ್ಕಳ ಕಣ್ಣಿಗೆ ಕಟ್ಟುವುದು ನಗರದ ದೊಡ್ಡ ಮಳಿಗೆಗಳಲ್ಲಿ ಮಿನುಗುವ ದೀಪಗಳ ಪೆಟ್ಟಿಗೆ. ಹಣ ಕೊಡಬೇಕು, ಗುಂಡಿ ಒತ್ತಬೇಕು, ಗೆಲ್ಲಬೇಕು ಇಲ್ಲವೇ ಸೋಲಬೇಕು. ಒಳಗೆ ಏನು ನಡೆಯುತ್ತದೆಂದು ಆಡುವವನಿಗೆ ತಿಳಿಯದು. ತಿಳಿಯುವ ಗೋಜಿಗೂ ಆತ ಹೋಗುವುದಿಲ್ಲ. ಆದರೆ ಮನುಷ್ಯನ ಕೈಗೆ ಮಾರುತ್ತರ ಕೊಡುವ ವಿನೋದಯಂತ್ರ ನಮ್ಮ ನಾಡಿಗೆ ಹೊಸದಲ್ಲ. ಇನ್ನೂರು ವರ್ಷಗಳಿಗೂ ಹಿಂದೆ ಕಾವೇರಿಯ ದ್ವೀಪವಾದ ಶ್ರೀರಂಗಪಟ್ಟಣದ ಅರಮನೆಯಲ್ಲಿ ಅಂಥದೊಂದು ಇದ್ದಿತು.

ಟಿಪ್ಪುವಿನ ಹುಲಿ

1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ, ಅರಮನೆಯ ವಾದ್ಯಶಾಲೆಯಲ್ಲಿ ಇಂಗ್ಲಿಷರಿಗೆ ಬಣ್ಣ ಬಳಿದ ಮರದ ಹುಲಿಯೊಂದು ದೊರಕಿತು. ಹೆಚ್ಚುಕಡಿಮೆ ಆರಡಿ ಉದ್ದದ ಆ ಹುಲಿ, ಅಂಗಾತ ಬಿದ್ದ ಐರೋಪ್ಯನೊಬ್ಬನ ಕುತ್ತಿಗೆಗೆ ಬಾಯಿ ಹಾಕಿ ನಿಂತಿದೆ. ಅದರ ಪಕ್ಕೆಯ ಹಿಡಿಕೆಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಉಸಿರಾಡತೊಡಗುತ್ತವೆ. ಒಂದು ತಿದಿಯ ಗಾಳಿ ಮನುಷ್ಯನ ಕಂಠದ ಕೊಳವೆಯಲ್ಲಿ ಹಾದು ನರಳಾಟವಾಗುತ್ತದೆ. ಇನ್ನೊಂದರದು ಹುಲಿಯ ತಲೆಯೊಳಗೆ ಗುಟುರಾಗುತ್ತದೆ. ಮನುಷ್ಯನ ಎಡಗೈ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಹುಲಿಯ ಪಕ್ಕೆಯ ಬಾಗಿಲನ್ನು ತೆರೆದರೆ ದಂತದ ಹದಿನೆಂಟು ಗುಂಡಿಗಳುಳ್ಳ ಪುಟ್ಟ ಆರ್ಗನ್ ವಾದ್ಯವೂ ಉಂಟು.

ಹಡಗೇರಿದ ಹುಲಿ 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಭವನದಲ್ಲಿ ಜನರಿಗೆ ಪ್ರದರ್ಶನವಾಯಿತು. ಬಂದವರೆಲ್ಲ ಹಿಡಿಕೆ ತಿರುಗಿಸುವವರೇ. ಪಕ್ಕದ ಗ್ರಂಥಾಲಯದಲ್ಲಿ ಓದುತ್ತಿದ್ದವರು ಆ ಗರ್ಜನೆಗೆ ಬೇಸತ್ತರು. 1869ರ ವೇಳೆಗೆ ಹಿಡಿಕೆಯೇ ಕಾಣೆಯಾಗಿತ್ತು! ಎರಡನೆಯ ಮಹಾಯುದ್ಧದಲ್ಲಿ ಚಾವಣಿ ಕುಸಿದು ಹುಲಿ ನುಚ್ಚುನೂರಾಯಿತು; ಯುದ್ಧ ಮುಗಿದ ಮೇಲೆ ಅದನ್ನು ಚೂರುಚೂರಾಗಿ ಜೋಡಿಸಿದರು. ಇಂದು ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಅದು ಗಾಜಿನ ಹಿಂದೆ ಮೌನವಾಗಿದೆ.

ಅದೇ ಬೀದಿಯ ಆಚೆಬದಿಯ ವಿಜ್ಞಾನ ಸಂಗ್ರಹಾಲಯದಲ್ಲಿ 1951ರಲ್ಲಿ ಇನ್ನೊಂದು ಸೋಜಿಗ ನಡೆಯಿತು. ಫೆರಾಂಟಿ ಕಂಪನಿಯವರು ‘ನಿಮ್ರೋಡ್’ ಎಂಬ ಗಣಕಯಂತ್ರವನ್ನು ಪ್ರದರ್ಶನಕ್ಕಿಟ್ಟರು. ಆಡುವವನು ಗುಂಡಿ ಒತ್ತಿದರೆ ಯಂತ್ರ ತನ್ನ ಸರದಿಯನ್ನು ದೀಪಗಳಲ್ಲಿ ತೋರಿಸುತ್ತಿತ್ತು. ತಿದಿಯ ಸ್ಥಾನಕ್ಕೆ ವಿದ್ಯುತ್ತು ಬಂದಿತ್ತು, ಗರ್ಜನೆಯ ಸ್ಥಾನಕ್ಕೆ ಬೆಳಕು. ಆದರೆ ಕೈ ಏನನ್ನೋ ಕೊಡುವುದು, ಒಳಗೆ ಏನೋ ನಡೆಯುವುದು, ಹೊರಗೆ ಉತ್ತರ ಬರುವುದು ಎಂಬ ಮೂರು ಮೆಟ್ಟಿಲುಗಳು ಮಾತ್ರ ಹುಲಿಯಲ್ಲಿದ್ದವೇ.

ಮನೆಯಲ್ಲೇ ದೀಪದಾಟ

ಅಂದು ಕೋಣೆಯನ್ನೇ ತುಂಬುತ್ತಿದ್ದ ಈ ವಿದ್ಯೆ ಇಂದು ಅಂಗೈಯಲ್ಲಿ ಅಡಗುತ್ತದೆ. 555 ಮತ್ತು 4017 ಎಂಬ ಎರಡು ಐ.ಸಿ.ಗಳು, ಹತ್ತು ಎಲ್.ಇ.ಡಿ. ದೀಪಗಳು, ಕೆಲವು ರೆಸಿಸ್ಟರುಗಳು, 9 ವೋಲ್ಟಿನ ಒಂದು ಬ್ಯಾಟರಿ ಇಷ್ಟಿದ್ದರೆ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವೆಲ್ಲ ದೊರೆಯುತ್ತವೆ. ಶ್ರೀರಂಗಪಟ್ಟಣ, ಪಾಂಡವಪುರಗಳವರಿಗೆ ರೈಲಿದೆ. ನಾಗಮಂಗಲ, ಕೃಷ್ಣರಾಜಪೇಟೆಗಳವರಿಗೆ ಬಸ್ಸಿದೆ.

555 ಎಂಬುದು ಈ ಯಂತ್ರದ ನಾಡಿ. 1 ಮೈಕ್ರೋಫ್ಯಾರಡ್ ಕೆಪಾಸಿಟರು, 10,000 ಓಮಿನ ಎರಡು ರೆಸಿಸ್ಟರುಗಳು, ರೇಡಿಯೋದ ವಾಲ್ಯೂಮಿನಂತೆ ತಿರುಗಿಸುವ 1,00,000 ಓಮಿನ ಒಂದು ಕಂಟ್ರೋಲು—ಇವುಗಳಿಂದ ಅದರ ಮಿಡಿತವನ್ನು ಸೆಕೆಂಡಿಗೆ ಆರರಿಂದ ನಲವತ್ತರವರೆಗೂ ಏರಿಸಬಹುದು. ಆ ಮಿಡಿತಗಳು 4017ರ 14ನೆಯ ಕಾಲಿಗೆ ಹೋಗುತ್ತವೆ. ಅದು ಮಿಡಿತಕ್ಕೊಂದರಂತೆ ಹತ್ತು ದೀಪಗಳನ್ನು ಸಾಲಾಗಿ ಹೊತ್ತಿಸುತ್ತದೆ. ಒಮ್ಮೆಗೆ ಒಂದೇ ದೀಪ ಉರಿಯುವುದರಿಂದ ಎಲ್ಲಕ್ಕೂ ಸೇರಿ 1,000 ಓಮಿನ ಒಂದೇ ರೆಸಿಸ್ಟರು ಸಾಕು. 15ನೆಯ ಕಾಲನ್ನು ಬ್ಯಾಟರಿಯ ಋಣಧ್ರುವಕ್ಕೆ ಸೇರಿಸಬೇಕು.

ಮುಟ್ಟುವ ಗುಟ್ಟು ಇರುವುದು 13ನೆಯ ಕಾಲಿನಲ್ಲಿ. ಅದಕ್ಕೆ ಧನಧ್ರುವದ ಒತ್ತಡ ತಾಗಿದೊಡನೆ ಎಣಿಕೆ ನಿಲ್ಲುತ್ತದೆ. ಎರಡು ಹಿತ್ತಾಳೆಯ ಡ್ರಾಯಿಂಗ್ ಪಿನ್ನುಗಳನ್ನು ಅಕ್ಕಿಕಾಳಿನಷ್ಟು ಅಂತರದಲ್ಲಿ ನೆಟ್ಟು, ಒಂದನ್ನು ಧನಧ್ರುವಕ್ಕೂ ಇನ್ನೊಂದನ್ನು ಈ ಕಾಲಿಗೂ ಕಟ್ಟಬೇಕು. ಅದೇ ಕಾಲಿನಿಂದ ಋಣಧ್ರುವಕ್ಕೆ ಒಂದು ಕೋಟಿ ಓಮಿನ, ಅಂದರೆ 10 ಮೆಗಾಓಮಿನ, ರೆಸಿಸ್ಟರನ್ನು ಹಾಕಬೇಕು. ಎರಡು ಪಿನ್ನುಗಳ ಮೇಲೆ ಬೆರಳಿಟ್ಟರೆ ಚರ್ಮದ ಮೂಲಕ ಅತ್ಯಲ್ಪ ವಿದ್ಯುತ್ತು ಹರಿಯುತ್ತದೆ. ದೀಪಗಳ ಓಟ ಅಲ್ಲೇ ನಿಲ್ಲುತ್ತದೆ. ಬೆರಳೆತ್ತಿದರೆ ಮತ್ತೆ ಓಟ. ಬೆರಳು ತೀರ ಒಣಗಿದ್ದರೆ ಯಂತ್ರ ಮಣಿಯದು. ಒಮ್ಮೆ ಊದಿಕೊಂಡರೆ ಸರಿಹೋಗುತ್ತದೆ. ಮಳೆಗಾಲದಲ್ಲಿ ತೇವ ಹೀರಿದ ಹಲಗೆಯೇ ಬೆರಳಿನ ಕೆಲಸ ಮಾಡಿ ಓಟವನ್ನು ನಿಲ್ಲಿಸೀತು. ಆದ್ದರಿಂದ ಪಿನ್ನುಗಳಿಗೆ ಪ್ಲಾಸ್ಟಿಕ್ ಮುಚ್ಚಳವೇ ಮೇಲು. ಬ್ಯಾಟರಿಯ ಬದಲು ಗೋಡೆಯ ಕರೆಂಟನ್ನು ಮಾತ್ರ ಎಂದಿಗೂ ಸೇರಿಸಬಾರದು.

ನಡುವಿನ ಒಂದು ದೀಪವನ್ನು ಕೆಂಪಾಗಿಸಿದರೆ ಆಟ ಸಿದ್ಧ. ಕೆಂಪು ಹೊತ್ತಿದಾಗಲೇ ಓಟವನ್ನು ನಿಲ್ಲಿಸಿದವನು ಗೆದ್ದಂತೆ. ಸುಲಭವೆಂದು ತೋರಬಹುದು. ಆದರೆ ಸೆಕೆಂಡಿಗೆ ಇಪ್ಪತ್ತು ದೀಪಗಳ ವೇಗದಲ್ಲಿ ಒಂದೊಂದು ದೀಪ ಉರಿಯುವುದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಮಾತ್ರ. ಕಣ್ಣು ಕಂಡದ್ದಕ್ಕೆ ಕೈ ಅಲುಗಲು ಸುಮಾರು ಐದನೆಯ ಒಂದು ಭಾಗ ಬೇಕು. ಕೆಂಪನ್ನು ಕಂಡು ಮುಟ್ಟುವಷ್ಟರಲ್ಲಿ ಬೆಳಕು ನಾಲ್ಕು ಮನೆ ದಾಟಿರುತ್ತದೆ. ಲಯವನ್ನು ಮನಸ್ಸಿನಲ್ಲಿ ಎಣಿಸಿ, ಮುಂಚಿತವಾಗಿಯೇ ಬೆರಳಿಡಬೇಕು. ಹೀಗಾಗಿ ತಾಳ ಬಲ್ಲ ಅಜ್ಜಿ ಕಾಲೇಜಿನ ಮೊಮ್ಮಗನನ್ನು ಸೋಲಿಸಿದರೆ ಆಶ್ಚರ್ಯವಿಲ್ಲ.

ಅಂಗಡಿಯಲ್ಲಿ ಇದಕ್ಕಿಂತ ಚೆಲುವಾದ ಆಟಿಕೆಗಳು ಸಿಗುತ್ತವೆ, ನಿಜ. ಆದರೆ ಅವು ಕೆಟ್ಟರೆ ಮೂಲೆಗೆ ಬೀಳುತ್ತವೆ. ತಾನೇ ಕಟ್ಟಿದ ಹಲಗೆಯ ಒಂದು ದೀಪ ಹೊತ್ತದಿದ್ದರೆ ಮಗು ಅದನ್ನು ತಿರುವಿಹಾಕಿ, ಯಾವ ತಂತಿ ಸಡಿಲವಾಯಿತೆಂದು ಹುಡುಕುತ್ತದೆ. ಶ್ರೀರಂಗಪಟ್ಟಣದ ಹುಲಿಯನ್ನು ಕಟ್ಟಿದ ಕೈಗಳ ಹೆಸರು ಇತಿಹಾಸಕ್ಕೆ ಸಿಕ್ಕಿಲ್ಲ. ಆದರೆ ತಿದಿಗೂ ಕೊಳವೆಗೂ ಇರುವ ಸಂಬಂಧವನ್ನು ಅವು ಚೆನ್ನಾಗಿ ಬಲ್ಲವಾಗಿದ್ದವು. ಒಂದು ರಜೆಯ ಮಧ್ಯಾಹ್ನ, ನೂರಿನ್ನೂರು ರೂಪಾಯಿಯ ಸಾಮಾನಿನಿಂದ ಮನೆಯ ಮಕ್ಕಳ ಕೈಗೂ ಅಂಥ ತಿಳಿವು ಬರಬಹುದಾದರೆ ಹಿರಿಯರು ಅಡ್ಡಿಮಾಡಬೇಕಾಗಿಲ್ಲ.